ಗೋಕಾಕಕ್ಕೆ ಬೆಳಗಿನ ಬಸ್ಸು

ನಾನು ಚಿಕ್ಕವಳಿದ್ದಾಗ, ನಮ್ಮೂರಿನ ಮಕ್ಕಳು ಹತ್ತನೆಯ ತರಗತಿ ಮುಗಿಸಿದ ಮೇಲೆ ಏನು ಓದಬೇಕೆಂಬುದನ್ನು ಬಸ್ಸು ತೀರ್ಮಾನಿಸುತ್ತಿತ್ತು. ನಗಬೇಡಿ, ಮಕ್ಕಳೇ. ಕೌಜಲಗಿಯಿಂದ ಒಳದಾರಿ ಹಿಡಿದರೆ ಸಿಗುವ ನಮ್ಮ ಸಣ್ಣ ಊರಿಗೆ ಬೆಳಗ್ಗೆ ಬರುತ್ತಿದ್ದುದು ಒಂದೇ ಬಸ್ಸು. ಅದು ಮೂಡಲಗಿಗೆ ಹೋಗುತ್ತಿತ್ತು. ಮೂಡಲಗಿಯಲ್ಲಿ ಕಲಾ ವಿಭಾಗವಿತ್ತು. ಆದ್ದರಿಂದ ನಮ್ಮೂರಿನಲ್ಲಿ ಓದು ಮುಂದುವರಿಸಿದವರು ಹೆಚ್ಚಾಗಿ ಇತಿಹಾಸವನ್ನೇ ಓದಿದರು. ವಿಜ್ಞಾನವೂ ಐಟಿಐ ತರಬೇತಿಯೂ ಗೋಕಾಕದಲ್ಲಿದ್ದವು. ಗೋಕಾಕದ ಬಸ್ಸು ಬರುತ್ತಿದ್ದುದು ಮಧ್ಯಾಹ್ನ, ಅಲ್ಲಿನ ತರಗತಿಗಳು ಮುಗಿಯುವ ಹೊತ್ತಿಗೆ. ಗಂಡುಹುಡುಗರಲ್ಲಿ ಕೆಲವರು ಸೈಕಲ್ ತುಳಿದೋ ಲಾರಿ ಹತ್ತಿಯೋ ಹೇಗೋ ಅಲ್ಲಿಗೆ ತಲುಪುತ್ತಿದ್ದರು. ಹುಡುಗಿಯರು ಮನೆಯಲ್ಲಿ ಉಳಿಯುತ್ತಿದ್ದರು. ಇದು ಸರಿಯೇ ಎಂದು ಯಾರೂ ಯಾರನ್ನೂ ಕೇಳುತ್ತಿರಲಿಲ್ಲ. ಮಳೆ ತಡವಾದರೆ ಯಾರನ್ನು ಕೇಳುತ್ತೇವೆ? ಬಸ್ಸನ್ನೂ ಜನ ಹಾಗೆಯೇ ತಿಳಿದಿದ್ದರು.

ಬಸ್ಸು ನಿಲ್ಲುವ ಬೇವಿನ ಮರದ ಕೆಳಗೆ ಅಪ್ಪನ ಸೈಕಲ್ ರಿಪೇರಿ ಅಂಗಡಿ ಇತ್ತು. ರಬ್ಬರು ಅಂಟಿಸುವ ಸೊಲ್ಯೂಷನ್ನಿನ ಘಾಟು, ಗ್ರೀಸಿನ ಕಪ್ಪು, ಪಂಕ್ಚರಾದ ಟ್ಯೂಬನ್ನು ನೀರಿನಲ್ಲಿ ಅದ್ದಿದಾಗ ಸರಸರನೆ ಏಳುವ ಗುಳ್ಳೆಗಳು: ನನ್ನ ಬಾಲ್ಯವೆಂದರೆ ಇವೇ. ಮೂಡಲಗಿ ಬಸ್ಸಿನ ಕಂಡಕ್ಟರ್ ಅಲ್ಲಿಯೇ ಚಹಾ ಕುಡಿಯುತ್ತಿದ್ದರು. ಯಾವ ಊರಿನಲ್ಲಿ ಯಾವ ಕಾಲೇಜಿದೆ ಎಂಬುದು ಊರಿನಲ್ಲಿ ಅವರೊಬ್ಬರಿಗೇ ಗೊತ್ತಿದ್ದುದರಿಂದ ಮಕ್ಕಳ ಭವಿಷ್ಯವನ್ನು ಜನ ಅವರಲ್ಲಿಯೇ ಕೇಳುತ್ತಿದ್ದರು.

“ನಮ್ಮ ಹುಡುಗನ್ನ ಯಾವುದಕ್ಕ ಹಾಕೂಣ್ರಿ?” ಎಂದು ಯಾರಾದರೂ ಕೇಳಿದರೆ ಅವರು ಬಸಿಯಲ್ಲಿ ಚಹಾ ಆರಿಸುತ್ತ, “ಆರ್ಟ್ಸಿಗೆ ಹಾಕ್ರಿ. ನನ್ನ ಗಾಡ್ಯಾಗ ಕಿಡಕಿ ಬಾಜೂನ ಕೂಡಸ್ಕೊಂಡ ಹೋಗ್ತೇನಿ” ಎನ್ನುತ್ತಿದ್ದರು. ಅಲ್ಲಿಗೆ ಆ ಹುಡುಗನ ವಿಷಯ ನಿಶ್ಚಯವಾದಂತೆ.

ನನ್ನ ಅಕ್ಕ ಆ ವರ್ಷ ಮೊದಲ ದರ್ಜೆಯಲ್ಲಿ ಹತ್ತನೆಯ ತರಗತಿ ಪಾಸಾಗಿದ್ದಳು. ಶಾಲೆ ಬಿಟ್ಟ ಮೇಲೆ ಅವಳು ಅಪ್ಪನ ಪಕ್ಕ ಕುಳಿತು, ಸೈಕಲ್ಲಿನ ಹಾಳಾದ ಡೈನಮೊಗಳನ್ನು ಬಿಚ್ಚುತ್ತಿದ್ದಳು. ಚಕ್ರ ತಿರುಗಿದರೆ ದೀಪ ಹತ್ತುವುದು ಹೇಗೆ ಎಂಬುದು ಅವಳಿಗೆ ಬಿಡಿಸಲೇಬೇಕಾದ ಒಗಟಾಗಿತ್ತು. ಅವಳಿಗೆ ವಿಜ್ಞಾನ ಬೇಕಿತ್ತು, ಅದಕ್ಕೆ ಗೋಕಾಕಕ್ಕೆ ಹೋಗಬೇಕಿತ್ತು. ಅಷ್ಟರಲ್ಲಿ ಹುಕ್ಕೇರಿಯಿಂದ ಅತ್ತೆ ಹೇಳಿ ಕಳುಹಿಸಿದರು: ಹುಡುಗಿಯನ್ನು ತಮ್ಮ ಮನೆಯಲ್ಲಿಡಲಿ, ಓಣಿಯಲ್ಲೇ ಹೊಲಿಗೆಯ ತರಬೇತಿ ನಡೆಯುತ್ತಿದೆ, ಕಲಿಯಲಿ. ಅಪ್ಪ ಒಪ್ಪುವುದರಲ್ಲಿದ್ದರು.

“ಹೊಲಿಗಿ ಕೆಟ್ಟದ್ದಂತ ನಾ ಅನ್ನಂಗಿಲ್ಲಪ್ಪಾ. ಖರೆ, ಅದನ್ನ ನಾ ಆರಿಸಿಲ್ಲ” ಎಂದಳು ಅಕ್ಕ.

ಅಪ್ಪ ಆ ಸಂಜೆ ಬಹಳ ಹೊತ್ತು ಒಂದೇ ಚಕ್ರವನ್ನು ತಿರುಗಿಸುತ್ತ ಕುಳಿತಿದ್ದರು. ಮರುದಿನ ಅವಳನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಗೋಕಾಕಕ್ಕೆ ತುಳಿದರು, ಬಸ್ಸುಗಳನ್ನು ಬಿಡುವ ಸಾಹೇಬರನ್ನು ಕಾಣಲು. “ಅಷ್ಟ ಮುಂಜಾನಿ ನಿಮ್ಮೂರಾಗ ಬಸ್ ಹತ್ತೂ ಮಂದೀನ ಇಲ್ಲ” ಎಂದರಂತೆ ಸಾಹೇಬರು. “ಬಸ್ಸಿಲ್ಲ, ಅದಕ್ಕ ಮಂದಿ ಇಲ್ಲರಿ” ಎಂದಳಂತೆ ಅಕ್ಕ. ಮತ್ತೆ ಮತ್ತೆ ಹೋದರು. ಕೊನೆಗೆ ಸಾಹೇಬರು, ಬರುವ ಸೋಮವಾರ ಮತ್ತು ಮಂಗಳವಾರ ಪ್ರಯೋಗಕ್ಕೆಂದು ಬೆಳಗಿನ ಬಸ್ಸು ಬಿಡುವುದಾಗಿಯೂ, ತಾವೇ ಜೊತೆಯಲ್ಲಿ ಬಂದು ಜನರನ್ನು ನೋಡುವುದಾಗಿಯೂ ಹೇಳಿದರು. ಜನ ಹತ್ತಿದರೆ ಬಸ್ಸು ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ. ಬಸ್ಸು ಉಳಿಯದಿದ್ದರೆ ಅಕ್ಕ ಹುಕ್ಕೇರಿಗೆ ಹೋಗಬೇಕು. ಇದು ನನಗೂ ತಿಳಿದಿತ್ತು.

ಇಲ್ಲಿಯೇ ನಮ್ಮೂರು ಒಂದು ಎಡವಟ್ಟು ಮಾಡಿತು. ಸೋಮವಾರ ನಮ್ಮ ಕಡೆ ಎತ್ತಿಗೆ ನೊಗ ಹೊರಿಸುವುದಿಲ್ಲ. ಹೊಲದ ಕೆಲಸವಿಲ್ಲ. ಸೈಕಲ್ ಅಂಗಡಿಯವರ ಮಗಳಿಗೆ ಬಸ್ಸು ಬೇಕಂತೆ ಎಂದು ಊರಿಗೆ ಊರೇ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಬೆಳಗ್ಗೆಯೇ ಮರದ ಕೆಳಗೆ ನಿಂತಿತು. ಹೊಸ ರುಮಾಲು ಸುತ್ತಿದ ಮುದುಕರು, ಕೂಸು ಕಟ್ಟಿಕೊಂಡ ಬಾಣಂತಿಯರು, ಒಬ್ಬರ ಮೇಲೊಬ್ಬರು ಹತ್ತಿದರು. ಸಾಹೇಬರಿಗೆ ಕಾಲಿಡಲು ಜಾಗವಿರಲಿಲ್ಲ. ಆದರೆ ಗೋಕಾಕದಲ್ಲಿ ಇವರಿಗೆ ಕೆಲಸವೇನಿತ್ತು? ಕೆಲವರು ಜಲಪಾತ ನೋಡಿದರು, ಕೆಲವರು ಕರದಂಟು ಕೊಂಡರು. ಸಂಜೆ ಬಂದು ನಮ್ಮ ಬೆನ್ನು ತಟ್ಟಿ, ತಮ್ಮ ಕೆಲಸ ತೀರಿತೆಂದು ಮಲಗಿದರು.

ನಾನು ಹೇಳಹೊರಟಿರುವುದು ಮರುದಿನದ ಮಾತು.

ಹಿಂದಿನ ಸಂಜೆ ಮಳೆಯಾಗಿತ್ತು. ಮಂಗಳವಾರ ಬೆಳಕು ಹರಿಯುವ ಮೊದಲೇ ಎತ್ತಿನ ಕೊರಳಗಂಟೆಗಳು ಹೊಲದ ಕಡೆ ಹೊರಟಿದ್ದವು. ಹಸಿ ಮಣ್ಣಿನ ವಾಸನೆ ಊರನ್ನೆಲ್ಲ ತುಂಬಿತ್ತು. ಬಿತ್ತನೆಗೆ ಇಂಥ ಹದ ಮತ್ತೆ ಸಿಗುವುದಿಲ್ಲ. ಅಕ್ಕ ಇಸ್ತ್ರಿ ಮಾಡಿದ ಲಂಗ ತೊಟ್ಟು, ಎರಡು ಜಡೆ ಹಾಕಿಕೊಂಡು, ನನ್ನ ಕೈ ಹಿಡಿದು ಮರದ ಕೆಳಗೆ ನಿಂತಳು. ಅಪ್ಪ ಅಂಗಡಿ ತೆರೆದಿದ್ದರು. ನಮ್ಮನ್ನು ಬಿಟ್ಟರೆ ಅಲ್ಲಿ ಒಂದು ನಾಯಿ ಇತ್ತು.

ಬಸ್ಸು ಬಂದು ನಿಂತಿತು. ಸಾಹೇಬರು ಇಳಿದರು. ಬಿಳಿ ಅಂಗಿ, ಕೈಯಲ್ಲಿ ಕೊಡೆ. ಅವರು ದಾರಿಯ ಈ ತುದಿ ನೋಡಿದರು, ಆ ತುದಿ ನೋಡಿದರು.

“ನಿನ್ನಿ ಲಗ್ನದ ದಿಬ್ಬಣಾ ಹೊಂಟಂಗ ಹೊಂಟಿದ್ರಿ. ಇವತ್ತ ಎಲ್ಲಿ ಹೋದ್ರೋ ಬೀಗರು?” ಎಂದರು. ಡ್ರೈವರ್ ನಕ್ಕ. ಸಾಹೇಬರು ನಗಲಿಲ್ಲ. “ನನ್ನ ಕಣ್ಣಿಗೆ ಮಣ್ಣ ಹಾಕೂದಿತ್ತಂದ್ರ ಎರಡೂ ದಿನ ಹಾಕಬೇಕಿತ್ತಲ್ಲೋ ಮಾರಾಯಾ.”

ಅಪ್ಪ ಕೈಯಲ್ಲಿದ್ದ ನಟ್ಟು ಬಿಚ್ಚುವ ಪಾನಾ ಕೆಳಗಿಟ್ಟು ಎದ್ದು ಬಂದರು. ಅವರು ಎಂದೂ ದನಿ ಎತ್ತಿದವರಲ್ಲ. ಆ ದಿನವೂ ಎತ್ತಲಿಲ್ಲ. “ನಿನ್ನಿ ಮಂದಿ ಕೂಡಿದ್ದು ನಮ್ಮ ತಪ್ಪರಿ ಸಾಹೇಬ್ರ. ಒಪ್ಪಕೊಂಡೆ. ಇಷ್ಟ ವರ್ಷ ಈ ಹೊತ್ತಿನ್ಯಾಗ ಬಸ್ ಬಿಡದ್ದು ಯಾರ ತಪ್ಪು, ಅದನ್ನೂ ಒಬ್ಬರು ಒಪ್ಪಕೋಬೇಕಲ್ಲರಿ.”

ಸಾಹೇಬರ ಮುಖ ಕೆಂಪಾಯಿತು. ಅವರು ಬಸ್ಸಿನ ಮೆಟ್ಟಿಲಿಗೆ ಕಾಲಿಟ್ಟರು. ನನ್ನ ಕೈ ಬಿಡದೆಯೇ ಅಕ್ಕ ಮುಂದೆ ಬಂದಳು.

“ನಿನ್ನಿ ಬಂದವರು ನನ್ನ ಸಲುವಾಗಿ ಬಂದಿದ್ರರಿ” ಎಂದಳು ಅಕ್ಕ. “ಈ ಬಸ್ ಯಾರಿಗೆ ಬೇಕೋ ಅವರು ಇನ್ನಾ ಮನ್ಯಾಗ ಅದಾರ್ರಿ. ಸ್ವಲ್ಪ ನಿಲ್ಲಸ್ರಿ ಸಾಹೇಬ್ರ, ಕರಕೊಂಡ ಬರ್ತೇನಿ.”

ಉತ್ತರಕ್ಕೆ ಕಾಯದೆ ಅವಳು ಓಡಿದಳು. ಕೈ ಬಿಡಿಸಿಕೊಳ್ಳಲಾಗದೆ ನಾನೂ ಓಡಿದೆ. ಕೆಸರು ಪಚಪಚನೆ ಕಾಲಿಗೆ ಹತ್ತುತ್ತಿತ್ತು. ಮೊದಲು ಹೊಕ್ಕದ್ದು ದರ್ಜಿ ಕಾಕಾನ ಮನೆ. ಅವರ ಮಗಳು ಎರಡು ವರ್ಷದ ಹಿಂದೆ ಹತ್ತನೆಯದು ಪಾಸಾಗಿ ಮನೆಯಲ್ಲಿದ್ದಳು. ತನ್ನ ಅಪ್ಪನ ಹೊಲಿಗೆಯಂತ್ರದ ಪಕ್ಕ ಕುಳಿತು, ಅಂಗಿಗಳಿಗೆ ಗುಂಡಿಯ ಕಾಜಾ ಹೊಲಿಯುವುದೇ ಅವಳ ದಿನಚರಿಯಾಗಿತ್ತು.

“ಕಾಕಾ, ಬಸ್ ನಿಂತೈತಿ. ಈಕಿನ್ನ ಕಳಸ್ರಿ” ಎಂದು ಅಕ್ಕ ಏದುಸಿರು ಬಿಡುತ್ತ ಕೇಳಿದಳು.

ಕಾಕಾ ಕನ್ನಡಕದ ಮೇಲಿಂದ ನೋಡಿದರು. “ಆಕಿ ಹೋದ್ರ ಕಾಜಾ ಯಾರವಾ ಮಾಡವರು?”

“ಸಂಜಿಗೆ ನಾ ಬಂದು ಮಾಡಿಕೊಡ್ತೇನಿ.”

“ನೀ ಮಾಡಿದ ಕಾಜಾದಾಗ ಗುಂಡಿ ಅಲ್ಲ, ಎಮ್ಮಿ ತೂರಿ ಹೋಗ್ತೈತಿ” ಎಂದು ಕಾಕಾ ಮತ್ತೆ ಯಂತ್ರ ತುಳಿಯತೊಡಗಿದರು. ಮಗಳು ತಲೆ ತಗ್ಗಿಸಿ ಸೂಜಿಗೆ ದಾರ ಪೋಣಿಸುತ್ತಿದ್ದಳು. ದಾರ ಸೂಜಿಯ ಕಣ್ಣಿಗೆ ಹೋಗುತ್ತಿರಲಿಲ್ಲ.

ಅದೇ ಹೊತ್ತಿಗೆ ಬಸ್ಸಿನ ಹಾರ್ನ್ ಕೇಳಿತು. ಸಣ್ಣದಾಗಿ ಒಮ್ಮೆ, ಆಮೇಲೆ ಉದ್ದಕ್ಕೆ. ಸಾಹೇಬರು ಹೇಳಿದರೋ ಡ್ರೈವರ್ ತಾನೇ ಒತ್ತಿದನೋ ನನಗೆ ಇಂದಿಗೂ ತಿಳಿಯದು. ಕಾಕಾನ ಕಾಲು ನಿಂತಿತು. ಮೂಡಲಗಿಯ ಬಸ್ಸು ಊರಿನ ದೊಡ್ಡವರಿಗಾಗಿಯೂ ಅರೆಕ್ಷಣ ಕಾದು ನಿಂತದ್ದನ್ನು ಅವರು ಕಂಡಿರಲಿಲ್ಲ.

“ಖರೇನ ನಿಂತೈತೇನು? ನಮ್ಮ ಹುಡುಗಿ ಸಲುವಾಗಿ?” ಎಂದರು.

“ಈಕಿ ಸಲುವಾಗೇ ರೀ ಕಾಕಾ.”

ಕಾಕಾ ಎದ್ದು ಬಾಗಿಲಿಗೆ ಬಂದು ಕಿವಿಗೊಟ್ಟರು. ಹಾರ್ನ್ ಮತ್ತೆ ಕೂಗಿತು. ಅಕ್ಕಪಕ್ಕದ ಬಾಗಿಲುಗಳೂ ತೆರೆದವು. ಸರಕಾರದ ಬಸ್ಸು ತಮ್ಮ ಮಗಳಿಗಾಗಿ ಕಾದು ನಿಂತಿದೆ, ಓಣಿಯೆಲ್ಲ ಅದನ್ನು ಕೇಳುತ್ತಿದೆ; ಇನ್ನು ಇಲ್ಲವೆನ್ನುವುದು ಹೇಗೆ? ಕಾಕಾ ಒಳಗೆ ತಿರುಗಿ, “ಏಳವಾ, ಸಾಹೇಬ್ರನ್ನ ಎಷ್ಟೊತ್ತ ನಿಲ್ಲಸ್ತಿ?” ಎಂದು ಮಗಳನ್ನೇ ಗದರಿದರು. ತಾವು ಇಷ್ಟು ಹೊತ್ತು ತಡೆದವರೇ ಅಲ್ಲ ಎಂಬಂತೆ. ಅವಳ ತಾಯಿ ಒಂದು ರೊಟ್ಟಿಯಲ್ಲಿ ಪಲ್ಯ ಸುತ್ತಿ ಕೈಗಿಟ್ಟರು.

ಇನ್ನೊಬ್ಬಳನ್ನು ನಾವು ಕರೆಯಲೂ ಇಲ್ಲ. ಮುಂದಿನ ಓಣಿಯ ಬಡಿಗರ ಮನೆಯ ಹುಡುಗಿ ಹಾರ್ನ್ ಕೇಳಿ ತಾನಾಗಿಯೇ ಹೊರಗೆ ಬಂದು ನಿಂತಿದ್ದಳು. ಮುಂಗೈವರೆಗೂ ಜೋಳದ ಹಿಟ್ಟು. ಒಳಗಿನಿಂದ ಅವಳ ಅಜ್ಜಿ ಬೈಯುತ್ತಿದ್ದುದು ಕೇಳುತ್ತಿತ್ತು. ಅವಳು ಕೈಯನ್ನು ಸೆರಗಿಗೆ ಒರೆಸಿಕೊಂಡು ನಮ್ಮ ಹಿಂದೆ ನಡೆದೇಬಿಟ್ಟಳು. ಉಳಿದ ಮನೆಗಳ ಬಾಗಿಲು ತಟ್ಟಿದೆವು. ಕೆಲವರು ನಾಳೆ ನೋಡೋಣವೆಂದರು, ಕೆಲವರು ಒಳಗಿದ್ದೂ ಓಗೊಡಲಿಲ್ಲ.

ಹೀಗೆ ಅಕ್ಕ ಕರೆತಂದದ್ದು ಇಬ್ಬರನ್ನು. ಮೂವರೂ ಬಸ್ಸಿನ ಮುಂದೆ ಸಾಲಾಗಿ ನಿಂತರು. ಅಷ್ಟು ದೊಡ್ಡ ಬಸ್ಸಿನ ಮುಂದೆ ಅವರು ಬಹಳ ಸಣ್ಣವರಾಗಿ ಕಂಡರು. ಎಲ್ಲವೂ ಮುಗಿಯಿತೆಂದು ನನಗೆ ಅಳು ಬಂತು.

ಸಾಹೇಬರು ಹಿಟ್ಟಿನ ಕೈಯ ಹುಡುಗಿಯನ್ನು ನೋಡಿ, “ನೀ ಏನ ಕಲಿಯಾಕ ಹೊಂಟೀ?” ಎಂದು ಕೇಳಿದರು.

“ಗೊತ್ತಿಲ್ಲರಿ” ಎಂದಳು ಅವಳು. “ಅಲ್ಲಿ ಏನೇನ ಐತಿ ಅಂತ ಯಾರೂ ಹೇಳಿಲ್ಲಲ್ಲರಿ. ಹೋಗಿ ನೋಡಬೇಕು.”

ಸಾಹೇಬರು ಕೊಡೆಯ ತುದಿಯಿಂದ ಕೆಸರಿನಲ್ಲಿ ಏನೋ ಗೀಚಿದರು. ಅವರಿಗೂ ಆ ವಯಸ್ಸಿನ ಮಗಳಿದ್ದಳೋ ಏನೋ, ನನಗೆ ಗೊತ್ತಿಲ್ಲ. ಆಮೇಲೆ ಅಪ್ಪನ ಕಡೆ ತಿರುಗಿ, “ಈ ತಿಂಗಳೆಲ್ಲಾ ಬಿಡ್ತೇನಿ. ಆಮ್ಯಾಗ ಬಸ್ ಯಾಕ ನಿಂತೂ ಅಂತ ನನ್ನ ಕೇಳಬ್ಯಾಡ್ರಿ” ಎಂದರು.

“ಕೇಳ್ತೇವರಿ” ಎಂದರು ಅಪ್ಪ. “ಕೇಳೂದ ಬಿಟ್ಟಿದ್ದಕ್ಕ ಇಷ್ಟೆಲ್ಲಾ ಆಗಿದ್ದು.”

ಅಕ್ಕ ಕಿಟಕಿಯಿಂದ ಕೈ ಬೀಸಲಿಲ್ಲ. ಎರಡೂ ಕೈಗಳಿಂದ ಮುಂದಿನ ಸೀಟಿನ ಕಂಬಿ ಹಿಡಿದು ನೆಟ್ಟಗೆ ಕುಳಿತಿದ್ದಳು. ಬಸ್ಸು ಕೆಸರು ಹಾರಿಸುತ್ತ ತಿರುವಿನಲ್ಲಿ ಮರೆಯಾಯಿತು.

ತಿಂಗಳು ಕಳೆಯುವುದರೊಳಗೆ, ನಾಳೆ ನೋಡೋಣವೆಂದಿದ್ದ ಮನೆಗಳಿಂದಲೂ ಹುಡುಗಿಯರು ಬಂದರು. ಬಸ್ಸು ಉಳಿಯಿತು. ಆಮೇಲೆ ಎಲ್ಲವೂ ಚೆನ್ನಾಯಿತೆಂದು ನಿಮಗೆ ಸುಳ್ಳು ಹೇಳಲಾರೆ. ಗೋಕಾಕದಲ್ಲಿ ಪಾಠವೆಲ್ಲ ಇಂಗ್ಲಿಷಿನಲ್ಲಿತ್ತು. ಅಕ್ಕ ಮೊದಲ ವರ್ಷ ಫೇಲಾದಳು, ಮತ್ತೆ ಕಟ್ಟಿ ಪಾಸಾದಳು, ಕೊನೆಗೆ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಕೆಲಸಕ್ಕೆ ಸೇರಿದಳು. ದರ್ಜಿ ಕಾಕಾನ ಮಗಳು ಐಟಿಐಯಲ್ಲಿ ವಿದ್ಯುತ್ ಕೆಲಸ ಕಲಿತಳು. ಬಡಿಗರ ಮನೆಯ ಹುಡುಗಿಯ ಓದು ಅರ್ಧಕ್ಕೆ ನಿಂತಿತು. ಅವಳ ಮದುವೆ ಮಾಡಿದರು. ಅದರ ಲೆಕ್ಕವನ್ನು ಯಾರೂ ಇಂದಿಗೂ ಕೊಟ್ಟಿಲ್ಲ.

ನಿಮ್ಮ ಕಾಲ ಬೇರೆ. ಹತ್ತನೆಯದರ ಮುಂದೆ ಏನೇನಿದೆ ಎಂದು ತಿಳಿಯಲು ನೀವು ಯಾವ ಕಂಡಕ್ಟರನನ್ನೂ ಕೇಳಬೇಕಿಲ್ಲ. ಪಿಯುಸಿ, ಡಿಪ್ಲೊಮಾ, ಐಟಿಐ, ನರ್ಸಿಂಗ್, ಎಲ್ಲವೂ ಫೋನಿನಲ್ಲಿ ಬೆರಳ ಕೆಳಗೆ ಹರಿಯುತ್ತವೆ. ಬಸ್ಸುಗಳು ದಿನವಿಡೀ ಓಡಾಡುತ್ತವೆ. ಹೀಗಿದ್ದೂ ಕಳೆದ ತಿಂಗಳು ನನ್ನ ಹಿರಿಯ ಮೊಮ್ಮಗಳು ವಿಜ್ಞಾನ ಬಿಟ್ಟು ಕಲೆಗೆ ಸೇರುತ್ತೇನೆಂದಳು. ಕಲೆ ನಿನಗಿಷ್ಟವೇ ಎಂದು ಕೇಳಿದೆ. “ಇಷ್ಟಂತ ಅಲ್ಲ ಅಜ್ಜಿ. ನಮ್ಮ ಕಾಲೇಜಿನ್ಯಾಗ ಫಿಜಿಕ್ಸ್ ಕಲಸವರ ಇಲ್ಲ. ಆ ಹುದ್ದೆ ಖಾಲಿ ಐತಿ. ಹೋದ ವರ್ಷದವರು ಪುಸ್ತಕಾ ನೋಡಿ ತಾವ ಓದ್ಯಾರ” ಎಂದಳು. ಸಿಟ್ಟಿಲ್ಲದೆ ಹೇಳಿದಳು, ಮಳೆ ಬರಲಿಲ್ಲ ಎನ್ನುವ ಹಾಗೆ. ನನಗೆ ಸಿಟ್ಟು ಬಂತು. ಆಗ ಇಲ್ಲದ ಬಸ್ಸು ನಮ್ಮ ಪಾಠ ಆರಿಸುತ್ತಿತ್ತು. ಈಗ ಖಾಲಿ ಕುರ್ಚಿ ನಿಮ್ಮ ಪಾಠ ಆರಿಸುತ್ತಿದೆ. ಆ ಕುರ್ಚಿಯನ್ನು ಖಾಲಿ ಇಟ್ಟವರಿಗೆ ಹೆಸರಿದೆ, ಕಚೇರಿಯಿದೆ, ಪ್ರತಿ ತಿಂಗಳ ಪಗಾರವಿದೆ. ಅವರನ್ನು ಕೇಳಬಹುದು. ಕೇಳಲೇಬೇಕು.

ಆ ರಾತ್ರಿ ಊಟದ ಹೊತ್ತಿಗೆ ಈ ಕಥೆಯನ್ನು ಅವಳಿಗೆ ಹೇಳಿದೆ. ಇಂದು ಬೆಳಗ್ಗೆ ಅವಳು ತನ್ನ ತರಗತಿಯ ಗೆಳತಿಯರೊಂದಿಗೆ ಆ ಕಚೇರಿಗೆ ಹೊರಟಳು. ನಾನೂ ಸೀರೆ ಉಟ್ಟು ಸಿದ್ಧಳಾಗಿದ್ದೆ.

“ನೀ ಬರಬ್ಯಾಡ ಅಜ್ಜಿ” ಎಂದಳು, ಚಪ್ಪಲಿ ಮೆಟ್ಟುತ್ತ. “ನೀ ಬಂದ್ರ ಸಾಹೇಬ್ರು ನಿನಗ ಚಾ ತರಸ್ತಾರ, ಮೊಮ್ಮಕ್ಕಳೆಷ್ಟು ಅಂತ ಕೇಳ್ತಾರ, ನಮ್ಮ ಮಾತ ಅಲ್ಲಿಗೇ ಮುಗೀತೈತಿ. ಫಿಜಿಕ್ಸ್ ಬೇಕಾದವರು ಹೋಗ್ತೇವಿ.”

ಮಧ್ಯಾಹ್ನವಾಗಿದೆ. ಅವರು ಇನ್ನೂ ಮರಳಿಲ್ಲ. ಫೋನು ಮಾಡಬೇಕೆನಿಸಿತು, ಮಾಡಲಿಲ್ಲ. ಉತ್ತರ ಸಿಗುವವರೆಗೆ ಅವರು ಅಲ್ಲಿಯೇ ನಿಂತಿರಲಿ.