ಜಾಲೆ ಸೇತುವೆಯ ಎರಡು ಚುಕ್ಕೆಗಳು

1999ರಲ್ಲಿ ನಾನು ಸ್ಯಾನ್ ಮಟಿಯೋದ ಒಂದು ಸಣ್ಣ ಕಂಪನಿಯಲ್ಲಿ ಮ್ಯಾಪ್ ಎಡಿಟರ್ ಆಗಿದ್ದೆ. ಹೊರಡುವ ಊರು, ಸೇರಬೇಕಾದ ಊರು ಎರಡನ್ನೂ ಟೈಪ್ ಮಾಡಿದರೆ ಎಲ್ಲಿ ಎಡಕ್ಕೆ, ಎಲ್ಲಿ ಬಲಕ್ಕೆ ಎಂದು ಇಂಟರ್ನೆಟ್ಟಿನಲ್ಲಿ ದಾರಿ ಹೇಳಿಕೊಡುವ ಕಂಪನಿ. ಜನ ಆ ಹಾಳೆಯನ್ನು ಪ್ರಿಂಟ್ ತೆಗೆದು, ಪಕ್ಕದ ಸೀಟಿನ ಮೇಲಿಟ್ಟುಕೊಂಡು, ಒಂದು ಕಣ್ಣು ರಸ್ತೆಯ ಮೇಲೆ ಒಂದು ಕಣ್ಣು ಹಾಳೆಯ ಮೇಲೆ ಇಟ್ಟು ಕಾರು ಓಡಿಸುತ್ತಿದ್ದ ಕಾಲ. ಮೈಸೂರಿನ ಕಾಲೇಜೊಂದರಲ್ಲಿ ಭೂಗೋಳ ಪಾಠ ಮಾಡಿಕೊಂಡಿದ್ದ ನನಗೆ ಇಲ್ಲಿ ಸಿಕ್ಕ ಮೊದಲ ಕೆಲಸ ಅದು.

ನಮ್ಮ ಮನೆ ಹೇವರ್ಡ್‌ನಲ್ಲಿ. ಬೆಳಿಗ್ಗೆ ಅನ್ನ ಕಲಸಿ ಡಬ್ಬಿಗೆ ತುಂಬಿ, ನಾಲ್ಕು ವರ್ಷದ ಮಗಳು ಸಿರಿಯನ್ನು ಡೇಕೇರಿಗೆ ಬಿಟ್ಟು, ಕೊಲ್ಲಿಯ ಮೇಲಿನ ಉದ್ದನೆಯ ಸೇತುವೆ ದಾಟಿ ಆಫೀಸಿಗೆ ಹೋಗುವುದು ದಿನಚರಿ. ಸೇತುವೆಯ ಮೇಲೆ ಕಾರುಗಳು ಇರುವೆ ಸಾಲಿನಂತೆ ತೆವಳುತ್ತಿದ್ದವು. ಕಾಂಕ್ರೀಟ್ ಹಲಗೆಗಳು ಕೂಡುವ ಕಡೆ ಚಕ್ರದ ಕೆಳಗೆ ಟಕ್, ಟಕ್ ಎಂದು ಸದ್ದಾಗುತ್ತಿತ್ತು. ಸಿರಿ ಕಾರಿನಲ್ಲಿದ್ದರೆ ಅದಕ್ಕೆ ಸರಿಯಾಗಿ ತಲೆ ಆಡಿಸುವಳು.

ಆಫೀಸಿನಲ್ಲಿ ನನ್ನ ಪಾಲಿಗೆ ಬಂದದ್ದು ಜರ್ಮನಿ. ಅದರ ನಕ್ಷೆ ಇನ್ನೂ ಸಾರ್ವಜನಿಕರಿಗೆ ತೆರೆದಿರಲಿಲ್ಲ, ಒಳಗೊಳಗೇ ಪರೀಕ್ಷೆ ನಡೆಯುತ್ತಿತ್ತು. ಅದರಲ್ಲೂ ನನ್ನ ಮುಖ್ಯ ಹೊಣೆ ಎ-9, ಬರ್ಲಿನ್ನಿನಿಂದ ದಕ್ಷಿಣದ ಮ್ಯೂನಿಕ್‌ವರೆಗೆ ಹೋಗುವ ಹೆದ್ದಾರಿ. ಸುಮಾರು ಐನೂರ ಮೂವತ್ತು ಕಿಲೋಮೀಟರ್. ಬರೀ ಗೆರೆ ಎಳೆದರೆ ನನಗೆ ಸಮಾಧಾನವಿಲ್ಲ. ಹಾಗಾಗಿ ಲೈಬ್ರರಿಯಿಂದ ಪುಸ್ತಕ ತಂದು ಆ ರಸ್ತೆಯ ಕಥೆಯನ್ನೂ ಓದಿಕೊಂಡೆ. ಮೂವತ್ತರ ದಶಕದಲ್ಲಿ ನಾಜಿ ಆಡಳಿತ ತನ್ನ ಹಿರಿಮೆ ಸಾರಲೆಂದೇ ಕಟ್ಟಿಸಿದ ಹೆದ್ದಾರಿಗಳಲ್ಲಿ ಇದೂ ಒಂದು. ನಡುವೆ ಜಾಲೆ ಎಂಬ ನದಿ. ಅದರ ಮೇಲೆ ಕಲ್ಲಿನ ಕಮಾನುಗಳ ಎತ್ತರದ ಸೇತುವೆ. 1945ರಲ್ಲಿ, ಯುದ್ಧ ಮುಗಿಯುವ ಹೊತ್ತಿಗೆ, ಸೋತು ಹಿಂದೆ ಸರಿಯುತ್ತಿದ್ದ ಜರ್ಮನ್ ಸೈನಿಕರೇ ಅದನ್ನು ಸಿಡಿಸಿದರು. ಆಮೇಲೆ ದೇಶ ಪೂರ್ವ, ಪಶ್ಚಿಮ ಎಂದು ಎರಡಾಯಿತು, ನದಿಯೇ ಗಡಿಯಾಯಿತು. ಮುರಿದ ಸೇತುವೆ ಇಪ್ಪತ್ತು ವರ್ಷ ಹಾಗೇ ನಿಂತಿತ್ತು. ಅತ್ತಿಂದಿತ್ತ ಹೋಗಲು ಅಪ್ಪಣೆ ಇದ್ದವರು ಹೆದ್ದಾರಿ ಬಿಟ್ಟು ಹಳ್ಳಿದಾರಿಯಲ್ಲಿ ಸುತ್ತಬೇಕಿತ್ತು. 1966ರಲ್ಲಿ ರಿಪೇರಿಯಾದರೂ ಎರಡು ಕಡೆಯೂ ಕಾವಲು, ತಪಾಸಣೆ. 1989ರ ಕೊನೆಗೆ ಗಡಿ ತೆರೆಯಿತು. ಆಮೇಲೆ ಪೂರ್ವದ ಹಾಳುಬಿದ್ದ ರಸ್ತೆಯನ್ನೆಲ್ಲ ಅಗಲ ಮಾಡುತ್ತ ಬಂದರು, ಹಳೆಯ ಸೇತುವೆಯ ಪಕ್ಕದಲ್ಲಿ ಇನ್ನೊಂದನ್ನು ಕಟ್ಟಿದರು.

ಇದನ್ನೆಲ್ಲ ಓದುವಾಗ, ಆ ಸೇತುವೆ ಸಿಡಿದಾಗ ಹತ್ತಿರದಲ್ಲೇ ಇದ್ದವರೊಬ್ಬರ ಕೈಗೆ ದಿನಾ ಬೆಳಿಗ್ಗೆ ನನ್ನ ಮಗಳನ್ನು ಒಪ್ಪಿಸಿ ಬರುತ್ತಿದ್ದೇನೆಂದು ನನಗೆ ಗೊತ್ತಿರಲಿಲ್ಲ.

ಡೇಕೇರ್ ನಡೆಸುತ್ತಿದ್ದವರು ಹಿಲ್ಡಾ. ಅರವತ್ತು ದಾಟಿದ ಜರ್ಮನ್ ಹೆಂಗಸು. ಅಮೆರಿಕದ ಸೈನಿಕನನ್ನು ಮದುವೆಯಾಗಿ ಬಂದವರು, ಗಂಡ ತೀರಿಕೊಂಡು ವರ್ಷವಾಗಿತ್ತು. ಮಕ್ಕಳೆಲ್ಲ ಅವರನ್ನು ಓಮಾ ಎನ್ನುತ್ತಿದ್ದರು, ಅವರ ಭಾಷೆಯಲ್ಲಿ ಅಜ್ಜಿ ಎಂದರ್ಥ. ನಾನು ಕನ್ನಡದಲ್ಲಿ ಏನೇ ಕೇಳಿದರೂ ಸಿರಿಯ ಉತ್ತರ ಇಂಗ್ಲಿಷಿನಲ್ಲಿ ಬರುತ್ತಿತ್ತು. "ಊಟ ಮಾಡಿದ್ಯಾ ಪುಟ್ಟಿ?" ಎಂದರೆ "ಓಮಾ ಮೇಡ್ ನೂಡಲ್ಸ್, ಅಮ್ಮ" ಎನ್ನುವಳು. ಹಿಲ್ಡಾ, ನಾನು ಇಬ್ಬರೂ ನಮ್ಮದಲ್ಲದ ಇಂಗ್ಲಿಷಿನಲ್ಲೇ ಮಾತಾಡುತ್ತಿದ್ದರಿಂದ ನಮ್ಮ ನಡುವೆ ಒಂದು ರೀತಿಯ ಸಲಿಗೆ.

ಅಕ್ಟೋಬರಿನ ಒಂದು ಸಂಜೆ ಹಿಲ್ಡಾ ಬಾಗಿಲಲ್ಲೇ ನನ್ನನ್ನು ನಿಲ್ಲಿಸಿಕೊಂಡರು. "ವಾಣಿ, ನಿಮ್ಮ ಆಫೀಸಿನಲ್ಲಿ ದಾರಿ ಹೇಳುವ ಹಾಳೆ ತೆಗೀತೀರಲ್ಲ, ನನಗೊಂದು ಬೇಕು. ಮ್ಯೂನಿಕ್‌ನಿಂದ ನಮ್ಮೂರಿಗೆ."

ಅವರ ಅಕ್ಕ ಗೆರ್ಡಾಗೆ ಕ್ಯಾನ್ಸರ್. ಇನ್ನು ಹೆಚ್ಚು ದಿನವಿಲ್ಲ, ಬರುವುದಾದರೆ ಈಗಲೇ ಬನ್ನಿ ಎಂದು ಅಕ್ಕನ ಮಗ ಫೋನ್ ಮಾಡಿದ್ದ. ಅಕ್ಕನ ಊರು ಜಾಲೆ ಸೇತುವೆಯಿಂದ ಉತ್ತರಕ್ಕೆ ಕೆಲವೇ ಮೈಲಿ, ಹಿಂದಿನ ಪೂರ್ವ ಜರ್ಮನಿಯಲ್ಲಿ. ಶನಿವಾರಕ್ಕೆ ವಿಮಾನದ ಟಿಕೆಟ್ ಆಗಿತ್ತು. ಮ್ಯೂನಿಕ್‌ನಲ್ಲಿ ಇಳಿದು, ಬಾಡಿಗೆ ಕಾರು ಹಿಡಿದು ಹೋಗುವ ಯೋಚನೆ. ಅಕ್ಕನನ್ನು ನೋಡಿ ಎಷ್ಟು ಕಾಲವಾಯಿತು ಎಂದು ಕೇಳಿದೆ. "ನನಗೆ ಹದಿನಾರು ವರ್ಷವಿದ್ದಾಗ ನೋಡಿದ್ದು" ಎಂದರು.

ಮಾರನೆಯ ದಿನ ನಮ್ಮ ಪರೀಕ್ಷಾ ಕಂಪ್ಯೂಟರಿನಿಂದ ದಾರಿ ತೆಗೆದು, ಪ್ರಿಂಟರಿನಿಂದ ಬಂದ ಹಾಳೆಯನ್ನು ಚೀಲಕ್ಕೆ ಹಾಕಿಕೊಂಡು ಸಂಜೆ ಕೊಟ್ಟೆ. ಹಿಲ್ಡಾ ಅಡುಗೆಮನೆಯ ದೀಪದ ಕೆಳಗೆ ನಿಂತು ಓದಿದರು. ಮತ್ತೆ ಮೊದಲಿನಿಂದ ಓದಿದರು.

"ಏನಾಯ್ತು?"

"ಸೇತುವೆ ಮೇಲೆ ಬಿಡಲ್ಲ ಅಂತಿದೆ. ಪಶ್ಚಿಮಕ್ಕೆ ಸುತ್ತಿ, ಉತ್ತರಕ್ಕೆ ಹೋಗಿ, ಮತ್ತೆ ಕೆಳಗೆ ಬಾ ಅಂತಿದೆ."

ಹಾಳೆ ತೆಗೆದುಕೊಂಡು ನೋಡಿದೆ. ನಿಜ. ನ್ಯೂರೆಂಬರ್ಗ್ ದಾಟುವ ಮೊದಲೇ ಎ-9 ಬಿಟ್ಟು, ಬೇರೆ ಮೂರು ಹೆದ್ದಾರಿ ಹಿಡಿದು, ಅರ್ಧ ಜರ್ಮನಿ ಸುತ್ತಿ, ಅಕ್ಕನ ಊರಿಗೆ ಉತ್ತರದಿಂದ ಇಳಿಸುತ್ತಿತ್ತು. ನೇರ ದಾರಿಯ ಎರಡು ಪಟ್ಟಿಗಿಂತಲೂ ಹೆಚ್ಚು.

"ಇದು ತಪ್ಪು ಹಿಲ್ಡಾ. ಗಡಿ ಹೋಗಿ ಹತ್ತು ವರ್ಷವಾಯ್ತು."

"ಗಡಿ ಹೋಗಿರಬಹುದು. ಸೇತುವೆ?" ಅವರು ಹಾಳೆಯನ್ನು ಮಡಿಸಿ ಮೇಜಿನ ಮೇಲಿಟ್ಟರು. "ಅದನ್ನ ಸಿಡಿಸಿದಾಗ ನನಗೆ ಎಂಟು ವರ್ಷ. ನೆಲಮಾಳಿಗೆಯಲ್ಲಿ ಗೆರ್ಡಾ ನನ್ನ ಎರಡೂ ಕಿವಿ ಮುಚ್ಚಿ ಹಿಡಿದಿದ್ದಳು. ಅವಳ ಕಿವಿ ಮುಚ್ಚೋಕೆ ಯಾರೂ ಇರಲಿಲ್ಲ. ಆಮೇಲೆ ಮೂರು ದಿನ ಅವಳಿಗೆ ಏನೂ ಕೇಳಿಸಲಿಲ್ಲ." ಹಾಳೆಯನ್ನು ನನ್ನತ್ತ ಸರಿಸಿ, "ಅಷ್ಟು ದೂರ ಒಬ್ಬಳೇ ಸುತ್ತೋಕೆ ನನ್ನಿಂದಾಗಲ್ಲ. ಟಿಕೆಟ್ ವಾಪಸ್ ಮಾಡ್ತೀನಿ" ಎಂದರು.

ಮರುದಿನ ಬೆಳಿಗ್ಗೆ ಕೋಟು ಬಿಚ್ಚುವ ಮೊದಲೇ ಶಿವಾನಂದನ ಮೇಜಿನ ಮುಂದೆ ನಿಂತೆ. ನಮ್ಮ ದಾರಿ ಹುಡುಕುವ ಪ್ರೋಗ್ರಾಂ ಬರೆಯುತ್ತಿದ್ದವನು ಅವನು. ಧಾರವಾಡದ ಹುಡುಗ, ಹಸಿವಿನ ಮನುಷ್ಯ.

"ಏನ್ರಿ ಅಕ್ಕಾರ, ಇವತ್ತ ಚಿತ್ರಾನ್ನ ಏನ್ರಿ? ಹಂಗಿದ್ರ ಮದ್ಲ ಡಬ್ಬಿ ತಗೀರಿ, ಜರ್ಮನಿ ಆಮ್ಯಾಲೆ ನೋಡೂಣು."

"ಡಬ್ಬಿ ಪೂರ್ತಿ ನಿನಗೇ ಕೊಡ್ತೀನಿ ಮಾರಾಯ. ಮೊದಲು ಈ ಸೇತುವೆ ತೋರಿಸು."

ಪರದೆಯ ಮೇಲೆ ಎ-9 ಕೆಂಪು ದಾರದಂತೆ ನದಿಯನ್ನು ದಾಟುತ್ತಿತ್ತು. ಎಲ್ಲೂ ತುಂಡಾದಂತೆ ಕಾಣಲಿಲ್ಲ. ಶಿವಾನಂದ ಅದನ್ನು ದೊಡ್ಡದು ಮಾಡುತ್ತ ಹೋದ. ಊರು ಹೋಯಿತು, ನದಿ ಹೋಯಿತು, ಕಡೆಗೆ ಪರದೆಯ ತುಂಬ ಬರೀ ಬಿಳಿ. ನಡುವೆ ಎರಡು ಚುಕ್ಕೆ. ಒಂದು ದಕ್ಷಿಣದಿಂದ ಬಂದ ಗೆರೆಯ ತುದಿ, ಇನ್ನೊಂದು ಉತ್ತರದಿಂದ ಬಂದದ್ದರ ತುದಿ. ನಡುವೆ ಕೆಲವೇ ಅಡಿಗಳ ಬಯಲು.

"ಕೂಡ್ಯಾವ ಅಂತ ಕಾಣಸ್ತದ. ಖರೇ ಕೂಡಿಲ್ಲ" ಎಂದ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕಂಪ್ಯೂಟರಿನ ನಕ್ಷೆಯಲ್ಲಿ ರಸ್ತೆ ಎಂದರೆ ತುಂಡು ತುಂಡು ಗೆರೆ. ಒಂದು ಗೆರೆಯ ಕೊನೆಯ ಚುಕ್ಕೆಯೂ ಮುಂದಿನದರ ಮೊದಲ ಚುಕ್ಕೆಯೂ ಒಂದೇ ಆಗಿದ್ದರೆ ಮಾತ್ರ ರಸ್ತೆ ಮುಂದುವರಿಯುತ್ತದೆ ಎಂದು ಯಂತ್ರಕ್ಕೆ ತಿಳಿಯುತ್ತದೆ. ಆ ಚುಕ್ಕೆಗೆ ನೋಡ್ ಎನ್ನುತ್ತೇವೆ. ಒಂದು ಅಡಿ ಅಂತರವಿದ್ದರೂ ಯಂತ್ರಕ್ಕೆ ಅದು ಪ್ರಪಾತವೇ. ನಾವು ಕೊಂಡು ತಂದ ಜರ್ಮನಿಯ ಮಾಹಿತಿ ಎರಡು ಬೇರೆ ಮೂಲಗಳದು. ಪಶ್ಚಿಮದ್ದು ಒಂದು ಅಳತೆಯಲ್ಲಿ, ಪೂರ್ವದ್ದು ಇನ್ನೊಂದು ಅಳತೆಯಲ್ಲಿ ಸಿದ್ಧವಾದದ್ದು. ಎರಡೂ ಬಂದು ಮುಟ್ಟುವುದು ಹಳೆಯ ಗಡಿಯಲ್ಲಿ. ಬೇರೆ ಹೆದ್ದಾರಿಗಳನ್ನು ಯಾರೋ ಹೊಲಿದಿದ್ದರು. ಇಲ್ಲಿ ಹೊಲಿಗೆ ತಪ್ಪಿತ್ತು. ಪೂರ್ವದ ಸಣ್ಣ ರಸ್ತೆಗಳನ್ನು ಆ ಹಂತದಲ್ಲಿ ಇನ್ನೂ ತುಂಬಿರಲಿಲ್ಲವಾದ್ದರಿಂದ ಯಂತ್ರಕ್ಕೆ ಉಳಿದದ್ದು ಆ ದೊಡ್ಡ ಸುತ್ತು ಒಂದೇ.

ಶಿವಾನಂದ ಕುರ್ಚಿಗೆ ಒರಗಿದ. ಅವನ ತಮಾಷೆಯೆಲ್ಲ ಇಳಿದುಹೋಗಿತ್ತು. "ಬರ್ಲಿನ್ ಗ್ವಾಡಿ ಕೆಡವಿ ಹತ್ತು ವರ್ಷಾತ್ರಿ ಅಕ್ಕಾರ. ನಮ್ಮ ಡಿಸ್ಕಿನ್ಯಾಗ ಇನ್ನೂ ನಿಂತದ ನೋಡ್ರಿ."

ಮೌಸಿನ ಗುಂಡಿ ಒಮ್ಮೆ ಒತ್ತಿದರೆ ಎರಡು ಚುಕ್ಕೆ ಒಂದಾಗುತ್ತಿತ್ತು. ಆದರೆ ಹಾಗೆ ಒತ್ತುವಂತಿರಲಿಲ್ಲ. ಹತ್ತಿರ ಇದೆ ಎಂಬ ಕಾರಣಕ್ಕೆ ಯಾವುದನ್ನೂ ಕೂಡಿಸಬಾರದು, ಸ್ಥಳದಲ್ಲಿ ಕಣ್ಣಾರೆ ನೋಡಿದವರು ಹೇಳಬೇಕು ಎಂಬುದು ನಮ್ಮ ಕೆಲಸದ ನಿಯಮ. ಅದು ಒಳ್ಳೆಯ ನಿಯಮವೇ. ನಿಜವಾಗಿ ಗೋಡೆಯೋ ಬೇಲಿಯೋ ಇರುವ ಕಡೆ ಕೂಡಿಸಿಬಿಟ್ಟರೆ ಯಾರದೋ ಪ್ರಾಣಕ್ಕೆ ಕುತ್ತು. "ಫೀಲ್ಡಿನವರು ಇನ್ನು ಎರಡು ವಾರದಲ್ಲಿ ಆ ಕಡೆ ಹೋಗ್ತಾರೆ. ಅಲ್ಲಿವರೆಗೆ ಮುಟ್ಟಬೇಡ" ಎಂದರು ಮ್ಯಾನೇಜರು. ಗೆರ್ಡಾಗೆ ಎರಡು ವಾರ ಇತ್ತೋ ಇಲ್ಲವೋ.

ಸಂಜೆ ಹಿಲ್ಡಾಗೆ ಸೇತುವೆ ರಿಪೇರಿಯಾದದ್ದನ್ನೂ ಸೇರಿಸಿ ಎಲ್ಲವನ್ನೂ ಹೇಳಿದೆ, ಕಾಗದದ ಮೇಲೆ ಎರಡು ಚುಕ್ಕೆ ಹಾಕಿ ತೋರಿಸಿದೆ. ಅವರು ತಾಳ್ಮೆಯಿಂದ ಕೇಳಿ, ಸಿರಿಯ ಜಾಕೆಟ್ಟಿನ ಜಿಪ್ಪು ಎಳೆಯುತ್ತ ಅಂದರು: "ನೀನು ಹೇಳೋದು ನಿಜವೇ ಇರಬಹುದು. ಆದರೆ ಆ ಹಾಳೆ ಓದಿದಾಗ ನನಗೆ ಏನನ್ನಿಸಿತು ಗೊತ್ತಾ? ಸದ್ಯ, ಅನ್ನಿಸಿತು. ಹೋಗದೇ ಇರೋಕೆ ಒಂದು ಕಾರಣ ಸಿಕ್ಕಿತು."

"ಯಾಕೆ ಹಿಲ್ಡಾ?"

"ಅವಳಿಗೆ ಹೇಳದೆ ಹೊರಟೆ ನಾನು. ಚಿಕ್ಕಮ್ಮನ ಜೊತೆ ಆಲೂಗಡ್ಡೆ ತರ್ತೀನಿ ಅಂತ ಹೋದವಳು ಗಡಿಯ ಆ ಕಡೆಗೆ, ಪಶ್ಚಿಮಕ್ಕೆ ದಾಟಿಬಿಟ್ಟೆ. ಹೇಳಿದ್ದರೆ ಪೊಲೀಸರು ಅವಳನ್ನ ವಿಚಾರಣೆ ಮಾಡ್ತಿದ್ದರು. ಹೇಳದೆ ಹೋದರೂ ಮಾಡಿದರಂತೆ. ಕಾಗದದಲ್ಲಿ ಒಂದು ಸಲವೂ ಅವಳು ಅದರ ಮಾತೆತ್ತಲಿಲ್ಲ. ಹಾಗಾಗಿ ಇನ್ನೂ ಭಯ."

ನನ್ನ ಕೈಲಿದ್ದದ್ದು ಸೇತುವೆ ಮಾತ್ರ.

ಜರ್ಮನಿಯಲ್ಲಿ ನಮಗಾಗಿ ರಸ್ತೆ ಓಡಾಡಿ ನೋಡುತ್ತಿದ್ದವನು ರೈನರ್. ಫೋನಿನಲ್ಲಷ್ಟೇ ಪರಿಚಯ. ಮರುದಿನ ಆಫೀಸಿನಿಂದ ಅವನಿಗೆ ಫೋನ್ ಮಾಡಿ ವಿಷಯ ತಿಳಿಸಿದೆ. ಅವನು ನ್ಯೂರೆಂಬರ್ಗ್ ಹತ್ತಿರ ಕೆಲಸದಲ್ಲಿದ್ದ. "ಮೇಡಂ, ಸೇತುವೆ ಇದೆಯೋ ಇಲ್ಲವೋ ನೋಡಿ ಬಾ ಅಂತ ನನ್ನನ್ನ ಕಳಿಸಿದವರಲ್ಲಿ ನೀವೇ ಮೊದಲಿಗರು" ಎಂದು ನಕ್ಕ. ಹಿಲ್ಡಾ ವಿಚಾರ ಹೇಳಿದ ಮೇಲೆ ನಗಲಿಲ್ಲ. "ನಾಳೆ ಹೋಗ್ತೀನಿ. ನೀವು ಅವರ ಮನೆಯಿಂದಲೇ ಫೋನ್ ಮಾಡಿ" ಎಂದ.

ಶುಕ್ರವಾರ ಬೆಳಿಗ್ಗೆ ಸಿರಿಯನ್ನು ಬಿಡಲು ಹೋದವಳು ಹೊರಡದೆ ಅಡುಗೆಮನೆಯಲ್ಲೇ ನಿಂತೆ. ಮಕ್ಕಳು ಓಟ್ಸ್ ತಿನ್ನುತ್ತಿದ್ದರು. ಅಲ್ಲಿ ಆಗ ಸಂಜೆ. ಗೋಡೆಯ ಫೋನಿನಿಂದ ರೈನರನ ಮೊಬೈಲಿಗೆ ಡಯಲ್ ಮಾಡಿ, ಅವನ ದನಿ ಕೇಳಿದ ಕೂಡಲೇ ರಿಸೀವರನ್ನು ಹಿಲ್ಡಾ ಕೈಗೆ ಕೊಟ್ಟೆ. ಅವರು ಬೇಡ ಎನ್ನುವಂತೆ ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡರು. ಆಮೇಲೆ ತೆಗೆದುಕೊಂಡರು.

ಜರ್ಮನ್ ಮಾತು ನನಗೆ ಅರ್ಥವಾಗಲಿಲ್ಲ. ಮೊದಲು ಬರೀ "ಯಾ, ಯಾ" ಎನ್ನುತ್ತಿದ್ದರು. ಆಮೇಲೆ ಏನೋ ಕೇಳಿದರು. ನಡುವೆ ಒಂದು ಊರಿನ ಹೆಸರು ಬಂತು. ಅವರ ದನಿ ಸಣ್ಣದಾಗುತ್ತ ಹೋಯಿತು, ಹುಡುಗಿಯ ದನಿಯ ಹಾಗೆ. ಕಡೆಗೆ ಮಾತು ನಿಂತು, ಬರೀ ಕೇಳಿಸಿಕೊಳ್ಳುತ್ತ ನಿಂತರು. ಬಹಳ ಹೊತ್ತಿನ ಮೇಲೆ ರಿಸೀವರನ್ನು ನನ್ನ ಕಿವಿಗೆ ಹಿಡಿದರು.

ಮಾತಿರಲಿಲ್ಲ. ದೂರದಲ್ಲಿ, ಎತ್ತರದಲ್ಲಿ, ಭಾರದ ಲಾರಿಗಳು ಒಂದರ ಹಿಂದೊಂದು ಹೋಗುತ್ತಿದ್ದವು. ಟಕ್, ಟಕ್. ಟಕ್, ಟಕ್.

"ಎರಡು ಸಲ ದಾಟಿ ಬಂದನಂತೆ," ಎಂದರು ಹಿಲ್ಡಾ. "ಈಗ ಕೆಳಗೆ ನದಿ ದಂಡೆಯಲ್ಲಿ ನಿಂತಿದ್ದಾನೆ. ಫೋನನ್ನ ಮೇಲಕ್ಕೆ ಹಿಡಿದಿದ್ದಾನೆ."

ಆಗ ಸಿರಿ ತಟ್ಟೆಯಿಂದ ತಲೆ ಎತ್ತಿ, "ಓಮಾ, ವೈ ಆರ್ ಯು ಕ್ರೈಯಿಂಗ್?" ಎಂದಳು. "ಟ್ರಕ್ಕು ಹೋಗ್ತಿದೆ ಕಂದ, ಅದಕ್ಕೆ" ಎಂದು ಹಿಲ್ಡಾ ಅವಳ ಬಾಯಿ ಒರೆಸಿದರು.

ಟಿಕೆಟ್ ಇನ್ನೂ ವಾಪಸ್ ಮಾಡಿರಲಿಲ್ಲ, ಶನಿವಾರ ಅವರು ಹೊರಟರು. ನಾನು ಕೈಯಲ್ಲೇ ಬರೆದುಕೊಟ್ಟ ದಾರಿಯ ಹಾಳೆ ಅವರ ಕೈಚೀಲದಲ್ಲಿತ್ತು. ರೈನರನ ವರದಿ ಬಂದ ಮೇಲೆ ಸೋಮವಾರ ಎರಡು ಚುಕ್ಕೆಗಳನ್ನು ಕೂಡಿಸಿದೆ. ಪರದೆಯ ಮೇಲೆ ಏನೂ ಬದಲಾದಂತೆ ಕಾಣಲಿಲ್ಲ. ಕೆಂಪು ದಾರ ಮೊದಲಿನ ಹಾಗೇ ಇತ್ತು. ಶಿವಾನಂದ ಹಿಂದೆ ನಿಂತು ನೋಡಿ, ತನ್ನ ಜಾಗಕ್ಕೆ ಹೋದ. ಅವತ್ತು ಡಬ್ಬಿಯನ್ನೂ ಕೇಳಲಿಲ್ಲ.

ಹಿಲ್ಡಾ ವಾಪಸಾದದ್ದು ನವೆಂಬರಿನಲ್ಲಿ. ಗೆರ್ಡಾ ಕಡೆಯ ಕೆಲವು ದಿನ ತಂಗಿಯ ಕೈ ಹಿಡಿದುಕೊಂಡೇ ಇದ್ದರಂತೆ. ಹಿಲ್ಡಾ ಬಾಗಿಲಿಗೆ ಬಂದು ನಿಂತಾಗ ಅವರು ಆಡಿದ ಮೊದಲ ಮಾತು, "ಆಲೂಗಡ್ಡೆ ಎಲ್ಲಿ?"

"ಬೈದಳಾ, ತಮಾಷೆ ಮಾಡಿದಳಾ, ನನಗೆ ಇವತ್ತಿಗೂ ಗೊತ್ತಿಲ್ಲ," ಎಂದರು ಹಿಲ್ಡಾ. "ನಾನು ಅತ್ತೆ, ಅವಳು ನಕ್ಕಳು. ಅಷ್ಟೇ."

ಆ ಕಂಪನಿ 2001ರಲ್ಲಿ, ಆ ಕಾಲದ ಎಷ್ಟೋ ಕಂಪನಿಗಳ ಹಾಗೆ, ಬಾಗಿಲು ಹಾಕಿತು. ಆಮೇಲೂ ನಾನು ಬಹಳ ವರ್ಷ ನಕ್ಷೆಯ ಕೆಲಸವನ್ನೇ ಮಾಡಿದೆ. ಹೊಸ ದೇಶದ ನಕ್ಷೆ ಕೈಗೆ ಬಂದಾಗಲೆಲ್ಲ ಮೊದಲು ಅಲ್ಲಿ ಹಿಂದೆ ಗಡಿಗಳು ಎಲ್ಲಿದ್ದವು ಎಂದು ಹುಡುಕಿ, ಅಲ್ಲಿ ಚುಕ್ಕೆಗಳನ್ನು ದೊಡ್ಡದು ಮಾಡಿ ನೋಡುತ್ತಿದ್ದೆ. ಕೂಡಿದಂತೆ ಕಾಣುವುದು ಬೇರೆ, ಕೂಡಿರುವುದು ಬೇರೆ. ಆ ಎರಡರ ವ್ಯತ್ಯಾಸ ಮೇಜಿನ ಮುಂದೆ ಕೂತವರಿಗೆ ತಿಳಿಯುವುದಿಲ್ಲ, ಯಾರಾದರೊಬ್ಬರು ಅಲ್ಲಿಗೆ ಹೋಗಿ ನಿಲ್ಲಬೇಕು. ಕೆಲಸ ನನಗೆ ಕಲಿಸಿದ್ದು ಇಷ್ಟು.

1999ರ ಅದೇ ಡಿಸೆಂಬರಿನಲ್ಲಿ, ತಿದ್ದಿದ ನಕ್ಷೆ ಪರೀಕ್ಷೆಗೆ ಬಂದಾಗ, ಹಿಲ್ಡಾ ಕೇಳಿದ್ದ ದಾರಿಯನ್ನೇ ಮತ್ತೊಮ್ಮೆ ತೆಗೆದು ಒಯ್ದು ಕೊಟ್ಟೆ. ಮೊದಲಿನದು ಪುಟ ತುಂಬ ಇತ್ತು. ಇದು ನಾಲ್ಕೇ ಸಾಲು. ಅವರು ಕನ್ನಡಕ ಹಾಕಿಕೊಂಡು ಓದಿ, ಹಾಳೆ ತಿರುಗಿಸಿ ಹಿಂದೆಯೂ ನೋಡಿದರು.

"ಸೇತುವೆ ಎಲ್ಲಿ? ಸೇತುವೆಯ ಹೆಸರೇ ಇಲ್ಲವಲ್ಲ?"

"ಅಲ್ಲಿ ತಿರುಗೋದು ಏನೂ ಇಲ್ಲ ಹಿಲ್ಡಾ. ನೇರ ಹೋಗೋದೇ. ಅದಕ್ಕೆ ಯಂತ್ರ ಏನೂ ಹೇಳಲ್ಲ."

ಅವರು ಅದನ್ನು ಮಡಿಸಿ ಏಪ್ರನ್ನಿನ ಜೇಬಿಗೆ ಹಾಕಿಕೊಂಡು, ಜೇಬಿನ ಮೇಲೆ ಒಮ್ಮೆ ಕೈಯಾಡಿಸಿದರು.

"ಇದನ್ನ ಗೆರ್ಡಾಗೆ ತೋರಿಸಬೇಕಿತ್ತು," ಎಂದರು.