ಹಾರ್ನ್ ಇಲ್ಲದೆ ರಾಯಚೂರಿಗೆ

ನನ್ನ ಕಾರು ಸಣ್ಣದು. ಎಂಟುನೂರು ಸಿಸಿಯ ಪೆಟ್ರೋಲ್ ಎಂಜಿನ್, ಮೂರು ಸಿಲಿಂಡರ್, ಐದು ಗೇರು. ಟ್ಯಾಂಕು ಮೂವತ್ತೈದು ಲೀಟರ್ ಹಿಡಿಯುತ್ತದೆ, ಎಂಜಿನ್ನಿಗೆ ಮೂರು ಲೀಟರಿಗಿಂತ ತುಸು ಕಡಿಮೆ ಆಯಿಲ್ ಸಾಕು. ಇಷ್ಟನ್ನೂ ಇವತ್ತು ನಿದ್ದೆಗಣ್ಣಲ್ಲೂ ಹೇಳಬಲ್ಲೆ. ಕೊಂಡಾಗ ಮಾತ್ರ, ಬಣ್ಣ ಬಿಳಿ ಎಂಬುದೊಂದನ್ನು ಬಿಟ್ಟರೆ ಅದರ ಬಗ್ಗೆ ನನಗೆ ಏನೂ ಗೊತ್ತಿರಲಿಲ್ಲ.

ಗಬ್ಬೂರು ದಾಟಿ, ದೇವದುರ್ಗ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ನಾನು ವಿಜ್ಞಾನ ಕಲಿಸುತ್ತೇನೆ. ಮನೆ ರಾಯಚೂರಿನಲ್ಲಿ. ತವರು ಮಾನ್ವಿ ತಾಲ್ಲೂಕಿನ ಹಿರೇಕೊಟ್ನೆಕಲ್. ಅಲ್ಲಿ ಅಣ್ಣನ ಸಂಸಾರ, ಅವರ ಜೊತೆ ಅವ್ವ. ನೌಕರಿ ಸಿಕ್ಕ ಮೇಲೆ ವರ್ಷಗಟ್ಟಲೆ ಬಸ್ಸಿನಲ್ಲೇ ಓಡಾಡಿದೆ. ಒಮ್ಮೊಮ್ಮೆ ಗಬ್ಬೂರಿನಲ್ಲಿ ಇಳಿದು ಮುಂದಿನ ಬಸ್ಸಿಗೆ ಕಾದು ಕಾದು ಮೊದಲ ಪೀರಿಯಡ್ಡೇ ತಪ್ಪುತ್ತಿತ್ತು. ನಿವೃತ್ತರಾದ ನಮ್ಮ ಹೆಡ್‌ಮಾಸ್ತರರು ತಮ್ಮ ಕಾರು ಮಾರುತ್ತೇನೆಂದಾಗ ಹೆಚ್ಚು ಯೋಚಿಸದೆ ತೆಗೆದುಕೊಂಡುಬಿಟ್ಟೆ. "ಗಾಡಿ ಹಳೇದದ, ಆದ್ರ ನಿಯತ್ತಿನದು" ಎಂದು ಹೇಳಿ ಬೀಗದ ಕೈ ಕೊಟ್ಟಿದ್ದರು.

ಒಂದು ವರ್ಷ ಅದು ನಿಯತ್ತಾಗಿಯೇ ಇತ್ತು. ಆಮೇಲೆ ನಡುಗತೊಡಗಿತು. ರಾಯಚೂರಿನಲ್ಲಿ ಸಿಗ್ನಲ್ಲಿಗೆ ನಿಲ್ಲಿಸಿದರೆ ಸಾಕು, ಚಳಿಜ್ವರ ಬಂದವರ ಹಾಗೆ ಇಡೀ ಕಾರು ಗಡಗಡ ಅನ್ನುತ್ತಿತ್ತು. ಆಕ್ಸಿಲರೇಟರ್ ಒತ್ತಿದರೆ ಮುಂದಕ್ಕೆ ಜಗ್ಗುವ ಬದಲು ಎಗರೆಗರಿ ನಿಲ್ಲುತ್ತಿತ್ತು. ಹಿಂದಿನಿಂದ ಹಸಿ ಪೆಟ್ರೋಲಿನ ವಾಸನೆ. ಮುಂದೆ ಎಂಜಿನ್ನಿನ ಚಿತ್ರದ ಹಳದಿ ದೀಪ. ಊರಿನ ಒಂದು ಗ್ಯಾರೇಜಿಗೆ ಒಯ್ದೆ. ಅಲ್ಲಿದ್ದಾತ ಬಾನೆಟ್ ಎತ್ತಿ ಒಂದು ನಿಮಿಷ ನೋಡಿ, ಮತ್ತೆ ಮುಚ್ಚಿದ.

"ಎಂಜಿನ್ ಹೋಗೇದ್ರಿ ಮೇಡಂ. ಕೆಳಗಿಳಿಸಿ ಪೂರಾ ಬಿಚ್ಚಬೇಕು. ಇಲ್ಲಾಂದ್ರ ಗುಜರಿಗೆ ಹಾಕಿಬಿಡ್ರಿ."

ನನಗೆ ಸಿಟ್ಟಿಗಿಂತ ನಾಚಿಕೆಯಾಯಿತು. ನಮ್ಮ ಮನೆತನದಲ್ಲಿ ಕಾರು ಕೊಂಡವಳು ನಾನೇ ಮೊದಲು. ಅದನ್ನೂ ಸರಿಯಾಗಿ ಇಟ್ಟುಕೊಳ್ಳಲು ಬರಲಿಲ್ಲವಲ್ಲ ಎಂದು ಕಿಟಕಿ ಏರಿಸಿಕೊಂಡು ಕಾರಿನಲ್ಲೇ ಎಷ್ಟೋ ಹೊತ್ತು ಕೂತಿದ್ದೆ.

ಅದೇ ವಾರ ತವರಿಗೆ ಹೋಗಿ ವಾಪಸು ಬರುವಾಗ ಮಾನ್ವಿಯ ಅಂಚಿನಲ್ಲಿ ಕಾರು ಪೂರ್ತಿ ನಿಂತುಬಿಟ್ಟಿತು. ಎದುರಿನ ಚಹಾದಂಗಡಿಯವರು, "ಆ ಬೇವಿನ ಗಿಡದ ಕೆಳಗ ಮೆಕ್ಯಾನಿಕ್ ಚಾಚಾ ಅದಾನ, ಕರೀರಿ" ಎಂದರು. ಬೇವಿನ ಕೆಳಗೆ ತಗಡಿನ ಶೆಡ್ಡು, ಎರಡು ಹಳೆಯ ಜೀಪು, ಒಂದು ಕಬ್ಬಿಣದ ಟೇಬಲ್ಲು. ಅರವತ್ತೈದು ದಾಟಿದ ತೆಳ್ಳನೆಯ ಹಿರಿಯರೊಬ್ಬರು ಕೈ ಒರೆಸಿಕೊಳ್ಳುತ್ತಾ ಬಂದರು. ಗ್ಯಾರೇಜಿನವನ ಮಾತನ್ನು ನಾನು ಒಪ್ಪಿಸಿದೆ.

"ಅವ ಹೇಳಿದ್ದಿರಲಿ, ಗಾಡಿ ಏನಂತದ ಕೇಳೂಣು," ಎಂದು ಚಾಚಾ ಬಾನೆಟ್ ಎತ್ತಿದರು. ಬಹಳ ಹೊತ್ತು ತಿರುಗಿಸಿದ ಮೇಲೆ ಎಂಜಿನ್ ಕೆಮ್ಮುತ್ತಾ ಚಾಲೂ ಆಯಿತು. ಒಂದೊಂದು ಸಿಲಿಂಡರಿನ ಮೇಲೂ ಒಂದು ಕಾಯಿಲ್ ಕೂತಿರುತ್ತದೆ. ಕೆಳಗಿರುವ ಸ್ಪಾರ್ಕ್ ಪ್ಲಗ್ಗಿಗೆ ಕಿಡಿಯ ಕರೆಂಟು ಕೊಡುವುದು ಅದೇ. ಅವರು ಮೊದಲನೆಯದರ ವೈರು ಕಿತ್ತರು. ಎಂಜಿನ್ ಇನ್ನಷ್ಟು ನಡುಗಿತು. ಅದನ್ನು ಹಾಕಿ ಮೂರನೆಯದನ್ನು ಕಿತ್ತರು. ಆಗಲೂ ನಡುಗಿತು. ನಡುವಿನದನ್ನು ಕಿತ್ತರೆ ಸದ್ದು ಒಂದಿಷ್ಟೂ ಬದಲಾಗಲಿಲ್ಲ.

"ಕೇಳಿದ್ರೇನು? ಮೂರು ಮಂದಿ ಅಣ್ಣತಮ್ಮರು. ಇವ ಒಬ್ಬ ದುಡೀವಲ್ಲ. ಉಳಿದಿಬ್ಬರ ಮ್ಯಾಲ ಬಂಡಿ ನಡದದ."

ನಡುವಿನ ಪ್ಲಗ್ಗನ್ನು ಬಿಚ್ಚಿ ತೋರಿಸಿದರು. ಪೆಟ್ರೋಲಿನಲ್ಲಿ ತೊಯ್ದು ಕಪ್ಪಾಗಿತ್ತು. ಪಕ್ಕದವೆರಡೂ ತಿಳಿ ಇಟ್ಟಂಗಿ ಬಣ್ಣಕ್ಕಿದ್ದವು. ನಡುವಿನ ಪ್ಲಗ್ಗನ್ನು ಒರೆಸಿ ಮತ್ತೆ ಕೂರಿಸಿ, ಅದರ ಕಾಯಿಲನ್ನು ಮೊದಲನೆಯದರ ಜಾಗಕ್ಕೆ, ಮೊದಲನೆಯದನ್ನು ನಡುವಿಗೆ ಹಾಕಿದರು. ಈಗ ನಡುವಿನದು ದುಡಿಯತೊಡಗಿ, ಮೊದಲನೆಯದು ಸುಮ್ಮನಾಯಿತು.

"ಅಂದ್ರ ಪ್ಲಗ್ ಕೆಟ್ಟಿಲ್ಲ, ಒಳಗೂ ಕೆಟ್ಟಿಲ್ಲ. ಈ ಕಾಯಿಲ್ ಒಂದು ಹೋಗ್ಯದ. ಹೊಸಾದು ತರ್ಸಿ ಹಾಕಿದ್ರ ಮುಗೀತು."

ನಾನು ಬಾಯಿ ಬಿಟ್ಟು ನಿಂತಿದ್ದೆ. ಒಂದನ್ನು ಮಾತ್ರ ಬದಲಿಸು, ಉಳಿದದ್ದನ್ನು ಹಾಗೇ ಇಡು, ಏನಾಗುತ್ತದೆ ನೋಡು ಎಂದು ವರ್ಷಾವರ್ಷ ಮಕ್ಕಳಿಗೆ ಬೋರ್ಡಿನ ಮೇಲೆ ಬರೆದುಕೊಡುವವಳು ನಾನು. ಒಮ್ಮೆಯೂ ಕೈಯಲ್ಲಿ ಮಾಡಿರಲಿಲ್ಲ. ಸಂಜೆಗೆ ಹೊಸ ಕಾಯಿಲ್ ಬಂದು ಕೂತಿತು. ಕಾರು ಸರಿಹೋದ ಖುಷಿಗಿಂತ ಚಾಚಾರ ಮೇಲಿನ ಹೊಟ್ಟೆಕಿಚ್ಚೇ ಹೆಚ್ಚಾಗಿತ್ತು. ಹೊರಡುವಾಗ ಕೇಳಿಯೇಬಿಟ್ಟೆ.

"ನನಗೂ ಕಲಸ್ತೀರೇನ್ರಿ, ಚಾಚಾ?"

ಅವರು ನನ್ನ ಸೀರೆ ನೋಡಿದರು, ಕೈ ನೋಡಿದರು. "ಐತವಾರ ಬರ್ರಿ. ಹಳೇ ಅರಿಬಿ ಹಾಕ್ಕೊಂಡು ಬರ್ರಿ," ಎಂದರು.

ತವರಿಗೆ ಹೋದ ಭಾನುವಾರಗಳಲ್ಲೆಲ್ಲಾ ಒಂದು ತಾಸು ಬೇವಿನ ಕೆಳಗೆ ಕಳೆಯತೊಡಗಿದೆ. ಏರ್ ಫಿಲ್ಟರಿನ ಧೂಳು ಬಡಿಯುವುದು, ಆಯಿಲ್ ಕಡ್ಡಿ ಎಳೆದು ಒರೆಸಿ ಮತ್ತೆ ಅದ್ದಿ ನೋಡುವುದು, ಎಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್ಲಿಗೆ ಹತ್ತಿದ ಕರಿ ಒರೆಸುವುದು. ಚಾಚಾ ಸ್ಪ್ಯಾನರನ್ನು ನನ್ನ ಕೈಗೆ ಕೊಟ್ಟು ತಾವು ಹಿಂದೆ ಸರಿದು ನಿಲ್ಲುತ್ತಿದ್ದರು. ತಪ್ಪಿದರೆ ಬೈಯುತ್ತಿರಲಿಲ್ಲ, "ಇನ್ನೊಮ್ಮಿ" ಅನ್ನುತ್ತಿದ್ದರು, ಅಷ್ಟೇ.

ಬೈದವಳು ಅವ್ವ. ಒಂದು ಭಾನುವಾರ ಮಾನ್ವಿಯ ಸಂತೆಗೆಂದು ನನ್ನ ಜೊತೆ ಬಂದವಳು, ನನ್ನ ಉಗುರುಸಂದಿಯ ಕರಿ ನೋಡಿ ಮುಖ ತಿರುಗಿಸಿದಳು. ಮನೆ ಮುಟ್ಟಿದ ಮೇಲೆ ಹೇಳಿದಳು.

"ಕಂಡವರ ಹೊಲದಾಗ ಕಸ ತಗದು ತಗದು ನನ್ನ ಕೈ ಹಿಂಗಾಗ್ಯಾವ. ನಿನ್ನ ಕೈಯಾಗ ಸೀಮೆಸುಣ್ಣ ಇರ್ಲಿ ಅಂತ ಓದಿಸಿದ್ನೆವ್ವಾ. ನೀ ಹೋಗಿ ಮಸಿ ಹಚ್ಚಿಕೊಂಡು ಕುಂತಿ."

ಅವಳು ಹೇಳಿದ್ದು ಸುಳ್ಳಾಗಿರಲಿಲ್ಲ. ಭತ್ತದ ಕೆಸರಿನಲ್ಲಿ, ಹತ್ತಿಯ ಸಾಲಿನಲ್ಲಿ ಬಗ್ಗಿದ ಬೆನ್ನು ಅವಳದು. ಅದರ ಮೇಲೆ ನಿಂತೇ ನಾನು ಮೇಲೆ ಬಂದದ್ದು. ಆದರೆ ಭಾನುವಾರ ಮಾನ್ವಿಗೆ ಹೋಗುವುದನ್ನು ಬಿಡಲೂ ಮನಸ್ಸಾಗಲಿಲ್ಲ. ಹಾಗಾಗಿ ಕೆಲವು ತಿಂಗಳು ಅವ್ವನಿಗೆ ಹೇಳದೆಯೇ ಹೋದೆ.

ಬೇಸಿಗೆ ರಜೆಯಲ್ಲಿ ಅವ್ವನ ಬಲಗಣ್ಣಿನ ಪೊರೆ ತೆಗೆಸುವುದೆಂದಾಯಿತು. ರಾಯಚೂರಿನ ಆಸ್ಪತ್ರೆಯಲ್ಲಿ ಹತ್ತು ಗಂಟೆಯೊಳಗೆ ಇರಬೇಕೆಂದಿದ್ದರು. ತಪ್ಪಿದರೆ ಮತ್ತೆ ಎರಡು ವಾರ ಕಾಯಬೇಕು. ಧೈರ್ಯ ಮಾಡಿ ಒಪ್ಪಿಕೊಂಡಿದ್ದ ಅವ್ವ ಎರಡು ವಾರದಲ್ಲಿ ಮನಸ್ಸು ಬದಲಿಸುವುದು ಖಂಡಿತವಿತ್ತು. ಬೆಳಿಗ್ಗೆ ಏಳೂವರೆಗೆ ಅವಳನ್ನು ಮುಂದಿನ ಸೀಟಿನಲ್ಲಿ ಕೂಡಿಸಿಕೊಂಡು ಹೊರಟೆ. ಅಷ್ಟೊತ್ತಿಗಾಗಲೇ ಬಿಸಿಲು ಚುರುಗುಟ್ಟುತ್ತಿತ್ತು. ಮಾನ್ವಿಯ ಸಂದಣಿಯಲ್ಲಿ ಲಾರಿಗಳ ಹಿಂದೆ ನಿಂತು ನಿಂತು ಸಾಗಿ ಹೊರಬಿದ್ದೆವು. ನೀರಮಾನ್ವಿ ಹತ್ತಿರ ಬರುವಾಗ ಅವ್ವ ಕಣ್ಣು ಮುಚ್ಚಿ ಎಲ್ಲವ್ವನಿಗೆ ಕೈ ಮುಗಿದಳು. ನನ್ನ ಕಣ್ಣು ಬಿಸಿ ತೋರಿಸುವ ಮುಳ್ಳಿನ ಮೇಲೆ ಬಿತ್ತು. ಅದು ಕೆಂಪು ಗೆರೆಯ ಹತ್ತಿರ ಹೋಗಿತ್ತು.

ಎಸಿ ಆರಿಸಿ, ಕಿಟಕಿ ಇಳಿಸಿ, ಹೀಟರನ್ನು ಪೂರ್ತಿ ತಿರುಗಿಸಿದೆ. ಎಂಜಿನ್ನಿನ ಬಿಸಿ ಸ್ವಲ್ಪವಾದರೂ ಒಳಗೆ ಬರಲಿ ಎಂದು ಚಾಚಾ ಕಲಿಸಿದ ಉಪಾಯವದು. ಬೆಂಕಿಯಂಥ ಗಾಳಿ ಅವ್ವನ ಮುಖಕ್ಕೆ ಬಡಿಯಿತು.

"ಯವ್ವಾ, ಇದೇನ ಬೇ, ಬಿಸಲಾಗ ಬೆಂಕಿ ಹಚ್ಚಿದಿ?"

"ಎರಡು ನಿಮಿಷ ತಡಕೋ ಅವ್ವಾ, ಎಂಜಿನ್ ಕಾದದ."

ಬೇಲಿಜಾಲಿಯ ನೆರಳು ನೋಡಿ ನಿಲ್ಲಿಸಿದೆ. ಬಾನೆಟ್ ಎತ್ತಿದರೆ ರೇಡಿಯೇಟರಿನ ಹಿಂದಿನ ಫ್ಯಾನ್ ಅಲುಗದೆ ನಿಂತಿತ್ತು. ಅದು ತಿರುಗದಿದ್ದರೆ ನಿಂತ ಗಾಡಿಯ ನೀರು ಆರುವ ದಾರಿಯೇ ಇಲ್ಲ. ಎಂಜಿನ್ ಆರಿಸಿದೆ. ಕುರಿ ಮೇಯಿಸುತ್ತಿದ್ದ ಒಬ್ಬರು ನೀರಿನ ಕ್ಯಾನು ಹಿಡಿದು ಬಂದು ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕಿದರು.

"ಬ್ಯಾಡ್ರೀ ಯಣ್ಣಾ," ಎಂದು ಅವರ ಕೈ ಹಿಡಿದೆ. "ಈಗ ತಗದ್ರ ಕುದಿಯೋ ನೀರು ಮುಖಕ್ಕ ಹಾರ್ತದ. ಆರ್ಲಿ."

ಅರ್ಧ ಗಂಟೆ ಕಾದೆವು. ಆ ಅರ್ಧ ಗಂಟೆಯಲ್ಲಿ ಫ್ಯೂಸುಗಳ ಡಬ್ಬಿ ತೆರೆದೆ. ಫ್ಯಾನಿನ ಫ್ಯೂಸ್ ಸರಿಯಿತ್ತು. ಅದರ ರಿಲೇ, ಬೆಂಕಿಪೊಟ್ಟಣಕ್ಕಿಂತ ಸಣ್ಣ ಆ ಕಪ್ಪು ಪೆಟ್ಟಿಗೆ, ಕೆಳಗಿನ ಪಿನ್ನುಗಳ ಹತ್ತಿರ ಸುಟ್ಟು ಕರಗಿತ್ತು. ಫ್ಯಾನಿಗೆ ಕರೆಂಟು ಬಿಡುವ ಸ್ವಿಚ್ಚೇ ಅದು. ಅಂಥ ಪೆಟ್ಟಿಗೆಗಳು ಸಾಲಾಗಿ ಕೂತಿದ್ದವು. ನಮ್ಮ ಗಾಡಿಯಲ್ಲಿ ಹಾರ್ನಿನದೂ ಫ್ಯಾನಿನದೂ ಒಂದೇ ಅಳತೆ ಎಂದು ಚಾಚಾ ಎಂದೋ ತೋರಿಸಿದ್ದರು. ಆದರೆ ಎಲೆಗಳ ಸಂದಿಯಿಂದ ಬೀಳುವ ಬಿಸಿಲಿಗೆ, ಹಾರ್ನಿನದು ಯಾವುದೆಂದು ಬರೆದ ಅಕ್ಷರ ಕಾಣಿಸಲಿಲ್ಲ. ಹಿಂದೆ ಯಾರೋ ನಿಂತಂತಾಯಿತು. ಅವ್ವ ಕಾರಿನಿಂದಿಳಿದು ಬಂದು ಸೆರಗನ್ನು ನನ್ನ ತಲೆಯ ಮೇಲೆ ಹರವಿ ಹಿಡಿದಿದ್ದಳು.

"ನನಗ ಏನೂ ಕಾಣವಲ್ದು," ಎಂದಳು. "ನಿನಗ ಕಾಣ್ತದಿಲ್ಲೋ, ಮಾಡು."

ಹಾರ್ನಿನ ರಿಲೇ ಕಿತ್ತು ಫ್ಯಾನಿನ ಜಾಗಕ್ಕೆ ಒತ್ತಿದೆ. ಅಷ್ಟರಲ್ಲಿ ಎಂಜಿನ್ ತಣ್ಣಗಾಗಿತ್ತು. ಬಟ್ಟೆ ಹಿಡಿದು ಮುಚ್ಚಳ ಮೆಲ್ಲಗೆ ತಿರುವಿ, ಕುರಿಯವರು ಕೊಟ್ಟ ನೀರು ಹಾಕಿ ಚಾಲೂ ಮಾಡಿದೆ. ಮುಳ್ಳು ಏರಿ ನಡುವಿಗೆ ಬಂತು. ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಫ್ಯಾನ್ ಭರ್ರೆಂದು ತಿರುಗಿತು. ಕುರಿಯವರು ನಕ್ಕರು. ಅವ್ವ ನಗಲಿಲ್ಲ. ನನ್ನ ಎರಡೂ ಕೈಗಳನ್ನು ಹಿಡಿದು, ಮಸಿ ಹತ್ತಿದ ಬೆರಳುಗಳನ್ನು ತನ್ನ ಸೆರಗಿನಿಂದಲೇ ಒರೆಸಿದಳು. ಆಸ್ಪತ್ರೆಗೆಂದು ಉಟ್ಟ ಹೊಸ ಸೀರೆ ಅದು.

ಅಲ್ಲಿಂದ ರಾಯಚೂರಿನವರೆಗೆ ಹಾರ್ನ್ ಇರಲಿಲ್ಲ. ಮುಂದೆ ಇನ್ನೊಂದು ಕುರಿಹಿಂಡು ರಸ್ತೆ ತುಂಬಿಕೊಂಡು ಬಂದಾಗ ಅಭ್ಯಾಸಬಲದಿಂದ ಒತ್ತಿದೆ, ಸದ್ದಿಲ್ಲ. ಅವ್ವ ಕಿಟಕಿಯಿಂದ ತಲೆ ಹೊರಗೆ ಹಾಕಿ, ಹೊಲದ ಆ ತುದಿಯಿಂದ ಈ ತುದಿಗೆ ಕರೆಯುವ ದನಿಯಲ್ಲಿ, "ಹೋಯ್ ಯಣ್ಣಾ, ಕುರಿ ಆಕಡಿ ಹೊಡ್ಕೋ, ದವಾಖಾನಿಗೆ ಹೊಂಟೀವಿ," ಎಂದು ಕೂಗಿದಳು. ಹಿಂಡು ಸರಿಯಿತು. ಊರೊಳಗಿನ ಆಟೋಗಳಿಗೂ ಅದೇ ಉಪಚಾರ. ಹತ್ತಕ್ಕೆ ಐದು ನಿಮಿಷವಿರುವಾಗ ನಾವು ಆಸ್ಪತ್ರೆಯ ಮೆಟ್ಟಿಲ ಮೇಲಿದ್ದೆವು. ಆಪರೇಷನ್ ಚೆನ್ನಾಗಿ ಆಯಿತು.

ಮುಂದಿನ ವಾರ ಕಾರನ್ನು ನಿಧಾನವಾಗಿ ಮಾನ್ವಿಗೆ ಒಯ್ದೆ. ಕಪ್ಪು ಕನ್ನಡಕದ ಅವ್ವ ತಾನೇ ಬರುತ್ತೇನೆಂದು ಹಟ ಹಿಡಿದಿದ್ದಳು, ತೊಡೆಯ ಮೇಲೆ ಸಜ್ಜಿ ರೊಟ್ಟಿ, ಪುಂಡಿಪಲ್ಯದ ಗಂಟು. ನಾನು ರಿಲೇಯ ಕಥೆಯನ್ನು ಹೆಮ್ಮೆಯಿಂದ ಶುರು ಮಾಡುವ ಮೊದಲೇ ಚಾಚಾ ಅವ್ವನ ಕಡೆ ತಿರುಗಿದರು.

"ಕಣ್ಣು ಹೆಂಗದಬೇ ಯಕ್ಕಾ?"

"ಛಲೋ ಅದ ಯಣ್ಣಾ. ನಿನ್ನ ಮೀಸಿ ಬೆಳ್ಳಗದ, ಅದೂ ಕಾಣಾಕತ್ತದ."

ಆಮೇಲೆಯೇ ಅವರು ಬಾನೆಟ್ ಎತ್ತಿದ್ದು. ನಾನು ಮಾಡಿದ್ದು ಸರಿ ಎಂದರು, ಹೊಗಳಲಿಲ್ಲ. ರಿಲೇ ತಾನಾಗಿ ಸುಡುವುದಿಲ್ಲ, ಫ್ಯಾನಿನ ಮೋಟಾರು ಬಿಗಿಯಾಗಿ ಕರೆಂಟು ಹೆಚ್ಚು ಎಳೆದಿದೆ, ಅದನ್ನು ಬದಲಿಸಬೇಕೆಂದು ಕೈಯಿಂದ ತಿರುಗಿಸಿ ತೋರಿಸಿದರು. ರೇಡಿಯೇಟರಿಗೆ ಕೂಲಂಟ್ ದ್ರವದ ಬದಲು ಸಾದಾ ನೀರು ಹಾಕಿದ್ದಕ್ಕೆ, ಒಂದು ವಾರ ಹಾಗೇ ಬಿಟ್ಟಿದ್ದಕ್ಕೆ ಮೊದಲ ಸಲ ಸರಿಯಾಗಿ ಬೈದರು. ತಲೆ ತಗ್ಗಿಸಿ ಕೇಳಿಸಿಕೊಂಡೆ. ನನ್ನ ಪಾಲಿಗೆ ಬಿ.ಎಡ್. ಕಾಲೇಜಿನಲ್ಲಿ ಸಿಗದ ಗುರು ಅವರು. ಅದನ್ನು ಬಾಯಿಬಿಟ್ಟು ಹೇಳಲು ಹೊರಟರೆ, "ಮೊದಲು ಆ ನಾಲ್ಕು ಬೋಲ್ಟ್ ಬಿಚ್ಚರಿ," ಎಂದು ತಡೆದರು.

ಹೊಸ ಮೋಟಾರು, ಹೊಸ ರಿಲೇ ಕೂಡಿಸಿ, ಕೂಲಂಟ್ ತುಂಬಿ ಮುಗಿಸುವಷ್ಟರಲ್ಲಿ ಮಧ್ಯಾಹ್ನವಾಯಿತು. ಅವ್ವ ಕಬ್ಬಿಣದ ಟೇಬಲ್ಲಿನ ಮೇಲೆ ಪೇಪರ್ ಹಾಸಿ ಗಂಟು ಬಿಚ್ಚಿದಳು. ಚಾಚಾ ಎರಡು ರೊಟ್ಟಿ ತಿಂದು, ಇನ್ನೊಂದಕ್ಕೆ ಕೈ ಚಾಚಿದರು. ಆ ಪುಂಡಿಪಲ್ಯದಲ್ಲಿ ಖಾರ ಸ್ವಲ್ಪ ಹೆಚ್ಚಾಗಿತ್ತು, ಮೂವರೂ ಮೂಗು ಒರೆಸಿಕೊಳ್ಳುತ್ತಾ ತಿಂದೆವು.