ನಿರ್ಜಲಾಳ ಹಸಿರು ಗೆರೆ

ಕಾಠ್ಮಂಡುವಿನ ಪುತಲಿಸಡಕ್‌ನಲ್ಲಿ ಹಳೆ ಲ್ಯಾಪ್‌ಟಾಪ್ ಮಾರುವವನಿಗೆ ಬೈಗುಳ ಹೊಸದಲ್ಲ. ಮಾಲು ಕೆಟ್ಟರೂ ನಮ್ಮ ತಪ್ಪು, ಗಿರಾಕಿಯ ಗ್ರಹಚಾರ ಕೆಟ್ಟರೂ ನಮ್ಮ ತಪ್ಪು. ಆ ಬೆಳಿಗ್ಗೆ ನಿರ್ಜಲಾ ಡಂಗೋಲ್ ಬಂದವಳೇ ತನ್ನ ಲ್ಯಾಪ್‌ಟಾಪನ್ನು ನನ್ನ ಮುಂದೆ ಕುಕ್ಕಿದಳು.

"ಸಾಹುಜಿ, ನಿಮ್ಮ ಡಬ್ಬಾ ಸುಳ್ಳು ಹೇಳುತ್ತೆ. ಮನೇಲಿ ಎಲ್ಲಾ ಹಸಿರು. ನಿನ್ನೆ ಕಂಪನಿ ಪರೀಕ್ಷೇಲಿ ಐದರಲ್ಲಿ ನಾಲ್ಕು ಕೆಂಪು!"

"ನನ್ನ ಡಬ್ಬಾ ನಿಧಾನ ಇರಬಹುದು ಬಹಿನಿ. ಸುಳ್ಳು ಹೇಳೋವಷ್ಟು ಚುರುಕಿಲ್ಲ."

ನಿರ್ಜಲಾ ಕೀರ್ತಿಪುರದ ನೇಕಾರ್ತಿ. ಮಗ್ಗ ನಿಂತ ಮೇಲೆ, ಮೂವತ್ತೆಂಟನೇ ವಯಸ್ಸಿನಲ್ಲಿ, ಪ್ರೋಗ್ರಾಮ್ ಬರೆಯಲು ಕಲಿಯಲು ಹೊರಟವಳು. ಈ ಲ್ಯಾಪ್‌ಟಾಪನ್ನು ಅವಳೂ ಸುಮ್ನಿಮಾ ರಾಯಿಯೂ ಪಾಲಿನಲ್ಲಿ ಕೊಂಡಿದ್ದರು. ಬೆಳಿಗ್ಗೆ ಇವಳದು, ಮಧ್ಯಾಹ್ನ ಅವಳದು. ಇಬ್ಬರೂ ಹನ್ನೆರಡನೇ ವಯಸ್ಸಿನಲ್ಲಿ ದೇವರ ಮುಂದೆ ಗೆಳೆತನ ಕಟ್ಟಿಕೊಂಡ ಮಿತಿನಿಯರು. ಆ ನಂಟು ರಕ್ತಕ್ಕಿಂತ ಬಿಗಿ. ಹೆಸರು ಹಿಡಿದು ಕರೆಯುವಂತಿಲ್ಲ, ಗೌರವದಿಂದ 'ಮಿತಿನಿಜ್ಯೂ' ಎನ್ನಬೇಕು, ಏಕವಚನ ಇಲ್ಲ, ಜಗಳವಂತೂ ಇಲ್ಲವೇ ಇಲ್ಲ. ಬಿಡಿಸಿಕೊಳ್ಳಲು ದಾರಿಯೂ ಇಲ್ಲ. ಒಬ್ಬಳು ಸತ್ತರೆ ಇನ್ನೊಬ್ಬಳು ಮನೆಯವಳಂತೆ ಉಪ್ಪು ಬಿಟ್ಟು ಸೂತಕ ಹಿಡಿಯಬೇಕು.

ಸುಮ್ನಿಮಾ ಎಲ್ಲಿಂದಲೋ ಪೆನ್‌ಡ್ರೈವಿನಲ್ಲಿ ಅರವತ್ತು ಅಭ್ಯಾಸದ ಲೆಕ್ಕ ತಂದು ಲ್ಯಾಪ್‌ಟಾಪಿಗೆ ಹಾಕಿದ್ದಳು; ಪೆನ್‌ಡ್ರೈವು ಅವಳ ಬಳಿಯೇ ಇತ್ತು. ಒಂದೊಂದಕ್ಕೂ ಎರಡು ಫೈಲು. ಒಂದರಲ್ಲಿ ನಾವು ಉತ್ತರ ಬರೆಯುವುದು, ಇನ್ನೊಂದು ಅದನ್ನು ಪರೀಕ್ಷೆ ಮಾಡುವುದು. ಗುಂಡಿ ಒತ್ತಿದರೆ ಸರಿಯಿದ್ದರೆ ಹಸಿರು ಗೆರೆ, ತಪ್ಪಿದ್ದರೆ ಕೆಂಪು. ನೆಟ್ ಬೇಕಿಲ್ಲ, ಮೇಷ್ಟ್ರು ಬೇಕಿಲ್ಲ. ಅಷ್ಟರಲ್ಲಿ ಒಂದು ಕಂಪನಿ ಒಬ್ಬಳಿಗೆ, ಒಬ್ಬಳಿಗೆ ಮಾತ್ರ, ಕೆಲಸ ಕೊಡುವುದಾಗಿ ಹೇಳಿತು. ಮಿತಿನಿಯರಿಬ್ಬರೂ ಒಟ್ಟಿಗೇ ಅರ್ಜಿ ಹಾಕಿದರು.

ನಾನು ಅಧಿಕ ವರ್ಷದ ಲೆಕ್ಕ ತೆರೆದೆ. ನಮ್ಮವರಿಗೆ ಅಧಿಕ ಮಾಸ ಗೊತ್ತು, ಇಂಗ್ಲಿಷರ ಅಧಿಕ ವರ್ಷ ತಲೆನೋವು. ನಾಲ್ಕರಿಂದ ಭಾಗವಾದರೆ ಸಾಕು ಎಂದು ಬರೆದಿದ್ದಳು; ನೂರರ ಇಸವಿಗಳು ನಾನೂರರಿಂದಲೂ ಭಾಗವಾಗಬೇಕು ಎಂಬುದನ್ನು ಬಿಟ್ಟಿದ್ದಳು. ಆದರೂ ಹಸಿರು ಬಂತು.

"ಪರೀಕ್ಷೆ ಫೈಲು ತೆಗೆದು ನೋಡಿದ್ಯಾ?"

"ಅಯ್ಯೋ, ಅದನ್ನ ತೆಗೀಬಾರದು! ಪ್ರಶ್ನೆಪತ್ರಿಕೆ ಕದ್ದ ಹಾಗೆ ಪಾಪ ಅಂತ ಮಿತಿನಿಜ್ಯೂ ಹೇಳಿದಾರೆ."

ಪಾಪ ನನ್ನ ಲೆಕ್ಕಕ್ಕಿರಲಿ ಎಂದು ತೆರೆದೆ. ಒಳಗೆ ಏಳು ಪರೀಕ್ಷೆ. ಮೊದಲನೆಯದನ್ನು ಬಿಟ್ಟು ಉಳಿದ ಆರರ ಪ್ರತಿ ಸಾಲಿನ ಮುಂದೂ ಒಂದು # ಗುರುತು. ಆ ಗುರುತಿದ್ದ ಸಾಲನ್ನು ಯಂತ್ರ ಓದುವುದೇ ಇಲ್ಲ. ಮುಂದಿನ ಲೆಕ್ಕದಲ್ಲೂ ಹಾಗೇ, ಅದರ ಮುಂದಿನದರಲ್ಲೂ ಹಾಗೇ. ಫೈಲು ಬದಲಾದದ್ದೆಲ್ಲ ಒಂದೇ ದಿನ, ಅರ್ಜಿ ಹಾಕಿದ ಮಾರನೇ ದಿನ, ಮಧ್ಯಾಹ್ನ ಎರಡು ಗಂಟೆಯ ಆಸುಪಾಸು.

ನಿರ್ಜಲಾ ಪರದೆಯ ಮೇಲಿನ ಆ ಗಂಟೆ ನೋಡಿದಳು. ಮಧ್ಯಾಹ್ನ ಯಾರ ಪಾಲೆಂದು ನಾನು ಹೇಳಬೇಕಾಗಲಿಲ್ಲ.

"ಕೆಲಸ ಯಾರಿಗಾಯ್ತು?" ಎಂದೆ.

"ಅವರಿಗೇ. ನಾನೇ ಮೊದಲು ಅವರ ಹಣೆಗೆ ಅಬೀರ್ ಹಚ್ಚಿ ಶುಭ ಕೋರಿದೆ." ಪರದೆಯ ಮೇಲಿನ ಒಂದು # ಗುರುತನ್ನು ಬೆರಳಿನಿಂದ ಮುಟ್ಟಿ, "ಸೀರೇಲಿ ಒಂದು ಎಳೆ ತಪ್ಪಿದ್ರೆ ದೂರದಿಂದ ಹಿಡೀತಿದ್ದೆ ಸಾಹುಜಿ. ಇದು ಕಾಣಲಿಲ್ಲ ನೋಡಿ," ಎಂದಳು.

"ಹೋಗಿ ನಾಲ್ಕು ಬೈದು ಬಾ."

"ಮಿತಿನಿಗೆ ಬೈಯೋ ಹಾಗಿಲ್ಲ."

ಅಂಗಡಿಯ ಮೂಲೆಯಲ್ಲಿ ಕೂತು ಅವಳೇ ಒಂದೊಂದು ಗುರುತನ್ನೂ ಅಳಿಸಿದಳು. ಗುಂಡಿ ಒತ್ತಿದಳು. ಸಾವಿರದ ಒಂಬೈನೂರನೇ ಇಸವಿ ಕೆಂಪು, ಸಾವಿರದ ಎಂಟುನೂರು ಕೆಂಪು. ಚಹಾ ಕೊಟ್ಟೆ, ಕುಡಿದಳು. ಜೊತೆಗೆ ಕೊಟ್ಟ ಆಲೂ ಪಲ್ಯ ಮುಟ್ಟಲಿಲ್ಲ.

"ಉಪ್ಪಿದೆ," ಎಂದಳು.

ಮರುದಿನವೂ ಬಂದಳು, ಬಿಳಿ ಕುರ್ತಾ ತೊಟ್ಟು, ಗಂಟಿನಲ್ಲಿ ಬರೀ ಅವಲಕ್ಕಿ ಕಟ್ಟಿಕೊಂಡು. ಮೂರನೇ ದಿನ ಅವಳ ಫೋನು ಬಡಿದುಕೊಂಡಾಗ ನನ್ನ ಕೈಗೆ ಕೊಟ್ಟಳು. ಸುಮ್ನಿಮಾ. ನನ್ನ ಹಲೋ ಕೇಳಿಯೇ ದನಿ ಗುರುತಿಸಿದಳು.

"ಸಾಹುಜಿ, ನಮ್ಮ ಮಿತಿನಿಜ್ಯೂ ಎಲ್ಲಿ? ಕೆಲಸ ಸಿಕ್ಕಿದ್ದಕ್ಕೆ ಮಿಠಾಯಿ ತಂದುಕೊಡಬೇಕಿತ್ತು."

"ಅವಳಿಗೆ ಸೂತಕ ಬಹಿನಿ. ಮಾತಾಡಲ್ಲ."

"ಅಯ್ಯೋ ದೇವರೇ! ಯಾರು ತೀರ್ಕೊಂಡ್ರು? ನನಗೆ ಯಾರೂ ಹೇಳಲೇ ಇಲ್ಲ!"

"ನಿಮಗೆ ಚೆನ್ನಾಗಿ ಗೊತ್ತಿರೋರೇ," ಎಂದು ಫೋನಿಟ್ಟೆ.

ನಿರ್ಜಲಾ ತಲೆ ಎತ್ತಲಿಲ್ಲ. ಗುಂಡಿ ಒತ್ತಿದಳು. ಏಳಕ್ಕೆ ಏಳೂ ಹಸಿರು. ಅವಳು ನಗಲಿಲ್ಲ, ಪರೀಕ್ಷೆ ಫೈಲನ್ನು ಇನ್ನೊಮ್ಮೆ ತೆರೆದು, ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಬೆರಳಿಟ್ಟು ಓದಿದಳು.